ಪ್ರಶ್ನಾವಳಿ, ಪ್ರಯೋಗ, ದಿನಚರಿ: ಮೊದಲ ಅಧ್ಯಯನಕ್ಕೆ ಯಾವುದು? ಮೂರನ್ನೂ ಮಾಡಿ ನೋಡಿದ ಮೇಲೆ

ಮನೋವಿಜ್ಞಾನದ ಸಂಶೋಧನಾ ವಿಧಾನಗಳನ್ನು ಓದುತ್ತಿರುವವರು ಒಂದಲ್ಲ ಒಂದು ದಿನ ಸ್ವಂತದ್ದೊಂದು ಪುಟ್ಟ ಅಧ್ಯಯನ ಮಾಡಲೇಬೇಕಾಗುತ್ತದೆ. ಯಾವ ವಿಧಾನ ಹಿಡಿಯಲಿ ಎಂದು ಯಾರಾದರೂ ಕೇಳಿದರೆ ನಾನು ದಿನಚರಿ, ಎಂದರೆ ಜನರಿಂದ ಆಯಾ ದಿನದ ವಿವರ ಬರೆಸಿಕೊಳ್ಳುವುದು, ಎನ್ನುತ್ತೇನೆ. ಹಾಗೆ ಹೇಳುವ ಮೊದಲು ನಾನು ಪ್ರಶ್ನಾವಳಿಗೆ ಎರಡು ತಿಂಗಳು, ಪ್ರಯೋಗಕ್ಕೆ ಐದು ವಾರ ಕೊಟ್ಟಿದ್ದೇನೆ. ಮೂರು ಸಲವೂ ಪ್ರಶ್ನೆ ಒಂದೇ: ಹಾಸಿಗೆಯಲ್ಲಿ ಫೋನ್ ನೋಡುವುದರಿಂದ ನಿದ್ದೆ ತಡವಾಗುತ್ತದೆಯೇ?

ಮೊದಲು ಪ್ರಶ್ನಾವಳಿಯನ್ನೇ ಆರಿಸಿದ್ದು ಅದು ಸುಲಭ ಎಂಬ ನಂಬಿಕೆಯಿಂದ. ಆನ್‌ಲೈನ್ ಫಾರ್ಮ್ ಮಾಡಿ ಕಳಿಸಿದರೆ ಆಯಿತು, ಯಾರ ಹಿಂದೆಯೂ ಅಲೆಯಬೇಕಿಲ್ಲ. ಹನ್ನೆರಡು ಹೇಳಿಕೆ, ಪ್ರತಿಯೊಂದಕ್ಕೂ ಐದು ಆಯ್ಕೆ. 1932ರಲ್ಲಿ ರೆನ್ಸಿಸ್ ಲಿಕರ್ಟ್ ತೋರಿಸಿಕೊಟ್ಟ ಇದೇ ದಾರಿಯಲ್ಲಿ ಇಂದಿಗೂ ಮನೋಭಾವ ಅಳೆಯುತ್ತಾರೆ. ನಾಲ್ಕೇ ದಿನದಲ್ಲಿ 140 ಉತ್ತರ ಬಂದವು. ಅಷ್ಟು ಖುಷಿಯಾಗಿತ್ತು ಆಗ.

ತೊಂದರೆ ಶುರುವಾದದ್ದು ಅಂಕ ಕೂಡಿಸಲು ಕೂತಾಗ. ಕೆಲವರು ಏನು ಕೇಳಿದರೂ ಹೌದು ಎನ್ನುತ್ತಾ ಹೋಗುತ್ತಾರೆ. ಅಂಥವರನ್ನು ಗುರುತಿಸಲು ಒಂದಷ್ಟು ಹೇಳಿಕೆಗಳನ್ನು ತಿರುವು ಮಾಡಿ ಇಡಬೇಕು, ಆಮೇಲೆ ಅವುಗಳ ಅಂಕವನ್ನು ಉಲ್ಟಾ ಮಾಡಿ ಕೂಡಿಸಬೇಕು ಎಂದು ಓದಿದ್ದೆ. ಅದರಂತೆ ಐದು ಹೇಳಿಕೆಗಳನ್ನು ‘ಇಲ್ಲ’ ಸೇರಿಸಿ ಬರೆದಿದ್ದೆ. ಉದಾಹರಣೆಗೆ, ‘ಮಲಗಿದ ತಕ್ಷಣ ನನಗೆ ನಿದ್ದೆ ಬರುವುದಿಲ್ಲ’. ಆಯ್ಕೆಗಳು: ಖಂಡಿತ ಹೌದು, ಹೌದು, ಹೇಳಲಾಗದು, ಇಲ್ಲ, ಖಂಡಿತ ಇಲ್ಲ.

ಹೇಳಿಕೆಗಳೆಲ್ಲ ಒಂದೇ ವಿಷಯವನ್ನು ಅಳೆಯುತ್ತಿವೆಯೇ, ಒಂದಕ್ಕೊಂದು ಹೊಂದಿಕೊಂಡಿವೆಯೇ ಎಂದು ನೋಡಲು ಕ್ರೋನ್‌ಬಾಕ್ ಆಲ್ಫಾ ಲೆಕ್ಕ ಹಾಕುತ್ತಾರೆ. ಸಾಮಾನ್ಯವಾಗಿ 0.7 ದಾಟಿದರೆ ಸಮಾಧಾನ. ನನಗೆ ಬಂದದ್ದು 0.31. ಉಲ್ಟಾ ಮಾಡುವುದನ್ನು ಮರೆತೆನೇನೋ ಎಂದುಕೊಂಡು ಮತ್ತೆ ನೋಡಿದೆ, ಮರೆತಿರಲಿಲ್ಲ. ಉಲ್ಟಾ ಮಾಡದೆ ಹಾಕಿದರೆ ಇನ್ನೂ ಕಡಿಮೆ. ಮೂರು ದಿನ ಸೂತ್ರದಲ್ಲೇ ತಪ್ಪು ಹುಡುಕಿದೆ. ಕೊನೆಗೆ ಉತ್ತರಿಸಿದವರಲ್ಲಿ ಪರಿಚಯದ ಎಂಟು ಜನರಿಗೆ ಫೋನ್ ಮಾಡಿ, ಆ ಹೇಳಿಕೆಯನ್ನು ಓದಿ ಹೇಳಿ, ಏನು ಗುರುತು ಹಾಕಿದಿರಿ, ಯಾಕೆ ಎಂದು ಕೇಳಿದೆ.

ನಿದ್ದೆ ಬಾರದ ಒಬ್ಬರು ಹೇಳಿದ್ದು: ‘ಹೌದು, ಬರಲ್ಲ.’ ಅವರ ಗುರುತು ‘ಹೌದು’. ಅಷ್ಟೇ ನಿದ್ದೆಗೆಟ್ಟ ಇನ್ನೊಬ್ಬರು ಹೇಳಿದ್ದು: ‘ಇಲ್ಲ, ನಂಗೆ ಬರೋದೇ ಇಲ್ಲ.’ ಅವರ ಗುರುತು ‘ಇಲ್ಲ’! ಇಬ್ಬರ ಮಾತೂ ಒಳ್ಳೆಯ ಕನ್ನಡವೇ. ನಮ್ಮ ಮಾತಿನಲ್ಲಿ ‘ಇಲ್ಲ’ ಎನ್ನುವುದು ಎದುರಿನವರ ಮಾತನ್ನು ಅಲ್ಲಗಳೆಯಲೂಬಹುದು, ‘ಇಲ್ಲ’ ಎಂಬ ಸಂಗತಿಯನ್ನೇ ಒಪ್ಪಿಕೊಳ್ಳಲೂಬಹುದು. ದನಿ ಕೇಳಿದರೆ ಯಾವುದೆಂದು ಗೊತ್ತಾಗುತ್ತದೆ, ಫಾರ್ಮಿನಲ್ಲಿ ದನಿ ಎಲ್ಲಿಂದ ಬರಬೇಕು? ಎಂಟರಲ್ಲಿ ಐವರು ನಾನು ಅಂದುಕೊಂಡದ್ದಕ್ಕೆ ವಿರುದ್ಧವಾಗಿ ಗುರುತು ಹಾಕಿದ್ದರು. ಯಾರು ಹೇಗೆ ಓದಿಕೊಂಡರು ಎಂದು ಉಳಿದ 132 ಜನರ ಉತ್ತರದಿಂದ ಹೇಳುವ ದಾರಿಯೇ ಇಲ್ಲ. ಎಲ್ಲರೂ ಒಂದೇ ರೀತಿ ತಪ್ಪಿದ್ದರೆ ಸರಿಪಡಿಸಬಹುದಿತ್ತು. ಅರ್ಧ ಹೀಗೆ, ಅರ್ಧ ಹಾಗೆ ಆದದ್ದನ್ನು ಯಾವ ಸೂತ್ರವೂ ಬಿಡಿಸಿಕೊಡುವುದಿಲ್ಲ. ಐದೂ ಹೇಳಿಕೆಗಳನ್ನು ಕಿತ್ತುಹಾಕಿದೆ. ಉಳಿದ ಏಳಕ್ಕೆ ಆಲ್ಫಾ 0.78 ಬಂತು, ಆದರೆ ನಾನು ಅಳೆಯಬೇಕೆಂದಿದ್ದ ‘ತಡವಾಗುವುದು’ ಬಹುಪಾಲು ಆ ಐದರಲ್ಲೇ ಇತ್ತು.

ಪ್ರಶ್ನಾವಳಿಯನ್ನೇ ಮಾಡುತ್ತೇನೆ ಎನ್ನುವವರು ದಯವಿಟ್ಟು ಇದೊಂದನ್ನು ಗಮನಿಸಿ. ತಿರುವು ಹೇಳಿಕೆ ಬೇಕೆಂದರೆ ‘ಇಲ್ಲ’ ಸೇರಿಸಬೇಡಿ, ವಿರುದ್ಧ ಅರ್ಥದ ಬೇರೆ ಮಾತು ಹುಡುಕಿ: ‘ನನಗೆ ನಿದ್ದೆ ಹತ್ತಲು ತುಂಬ ಹೊತ್ತು ಬೇಕು’. ಆಯ್ಕೆಗಳಲ್ಲಿ ಹೌದು–ಇಲ್ಲ ಬೇಡ, ‘ಒಪ್ಪುತ್ತೇನೆ’, ‘ಒಪ್ಪುವುದಿಲ್ಲ’ ಇರಲಿ. ಕಳಿಸುವ ಮೊದಲು ನಾಲ್ಕೈದು ಜನರನ್ನು ಎದುರಿಗೆ ಕೂರಿಸಿಕೊಂಡು, ಪ್ರತಿ ಹೇಳಿಕೆಯನ್ನೂ ಜೋರಾಗಿ ಓದಿಸಿ, ಮನಸ್ಸಿನಲ್ಲಿ ಏನು ಬಂತೆಂದು ಹೇಳಿಸಿ. ಒಂದು ಸಂಜೆಯ ಕೆಲಸ ಅದು. ನಾನು ಮಾಡಲಿಲ್ಲ.

ಆಯ್ಕೆಗಳ ಪಟ್ಟಿಯೂ ಉತ್ತರವನ್ನು ಎಳೆಯುತ್ತದೆ. 1985ರಲ್ಲಿ ಪ್ರಕಟವಾದ ನಾರ್ಬರ್ಟ್ ಶ್ವಾರ್ಜ್ ಮತ್ತು ಜೊತೆಗಾರರ ಅಧ್ಯಯನದಲ್ಲಿ ದಿನಕ್ಕೆಷ್ಟು ಹೊತ್ತು ಟಿವಿ ನೋಡುತ್ತೀರಿ ಎಂದು ಎರಡು ಬಗೆಯಲ್ಲಿ ಕೇಳಿದ್ದರು. ಅರ್ಧ ಗಂಟೆಯಿಂದ ಶುರುವಾಗಿ ‘ಎರಡೂವರೆ ಗಂಟೆಗಿಂತ ಹೆಚ್ಚು’ ಎಂದು ಮುಗಿಯುವ ಪಟ್ಟಿ ಕೊಟ್ಟಾಗ ಎರಡೂವರೆ ಗಂಟೆ ದಾಟುತ್ತೇವೆ ಎಂದವರು 16.2%. ಎರಡೂವರೆ ಗಂಟೆಯಿಂದಲೇ ಶುರುವಾಗುವ ಪಟ್ಟಿ ಕೊಟ್ಟಾಗ 37.5%. ಪಟ್ಟಿಯ ನಡುವಿನದ್ದು ಸಾಮಾನ್ಯ ಜನರದ್ದು ಎಂದುಕೊಂಡು ಅದರ ಆಸುಪಾಸಿನಲ್ಲಿ ನಿಲ್ಲುತ್ತೇವೆ ನಾವು. ಎಷ್ಟು ಹೊತ್ತು ಫೋನ್ ನೋಡುತ್ತೀರಿ ಎಂದು ಹೇಳಿಕೆಗಳ ಜೊತೆ ಕೇಳಿದ್ದ ಪ್ರಶ್ನೆಗೆ ನಾನು ಕೊಟ್ಟ ಪಟ್ಟಿ ‘ಒಂದು ಗಂಟೆಗಿಂತ ಹೆಚ್ಚು’ ಎಂಬಲ್ಲಿ ಮುಗಿದಿತ್ತು.

ಇನ್ನು ಪ್ರಯೋಗ. ಕಾರಣ ಯಾವುದು, ಪರಿಣಾಮ ಯಾವುದು ಎಂದು ಧೈರ್ಯವಾಗಿ ಹೇಳಲು ಇದಕ್ಕಿಂತ ಗಟ್ಟಿ ದಾರಿಯಿಲ್ಲ, ಅದನ್ನು ಮೊದಲೇ ಒಪ್ಪುತ್ತೇನೆ. 22 ಜನರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿದೆ. ಒಂದು ಗುಂಪಿನವರು ಒಂದು ವಾರ ಫೋನನ್ನು ಕೋಣೆಯ ಹೊರಗಿಡಬೇಕು, ಇನ್ನೊಂದು ಗುಂಪು ಎಂದಿನಂತೆ. ಫೋನ್ ಹೊರಗಿಡಬೇಕಿದ್ದ ಹನ್ನೊಂದು ಜನರಲ್ಲಿ ನಾಲ್ವರು ಮೂರನೇ ದಿನಕ್ಕೇ ಬಿಟ್ಟರು, ಆ ಕಡೆ ಯಾರೂ ಬಿಡಲಿಲ್ಲ. ಉಳಿದ ಏಳು ಜನ ಯಾರು? ಬಹುಶಃ ಫೋನಿಲ್ಲದೆ ಸುಲಭವಾಗಿ ಇರಬಲ್ಲವರು. ಚೀಟಿ ಎತ್ತಿ ಗುಂಪುಗಳನ್ನು ಸಮ ಮಾಡಿದ್ದರ ಲಾಭ ಅಲ್ಲಿಗೆ ಹೋಯಿತು. ಅಲ್ಲದೆ, ಫೋನ್ ಹೊರಗಿಡಿ ಎಂದೊಡನೆ ನಾನೇನು ಹುಡುಕುತ್ತಿದ್ದೇನೆ ಎಂದು ಎಲ್ಲರಿಗೂ ಹೊಳೆಯುತ್ತದೆ. ಹೀಗೆ ಸುಳಿವು ಹಿಡಿದು ಸಂಶೋಧಕರಿಗೆ ಬೇಕಾದಂತೆ ನಡೆದುಕೊಳ್ಳುವುದರ ಬಗ್ಗೆ ಮಾರ್ಟಿನ್ ಓರ್ನ್ 1962ರಲ್ಲೇ ಎಚ್ಚರಿಸಿದ್ದರು.

ಜನಬಲದ ಲೆಕ್ಕವನ್ನೂ ನಾನು ತಡವಾಗಿ ನೋಡಿದೆ. ಮಧ್ಯಮ ಗಾತ್ರದ ವ್ಯತ್ಯಾಸವನ್ನು 80% ಖಾತ್ರಿಯಿಂದ ಹಿಡಿಯಲು, 0.05ರ ಮಟ್ಟದಲ್ಲಿ (ಎಂದರೆ ಇಲ್ಲದ ವ್ಯತ್ಯಾಸವನ್ನು ಇದೆ ಎಂದುಕೊಳ್ಳುವ ಸಾಧ್ಯತೆ 5% ಮೀರದಂತೆ), ಪ್ರತಿ ಗುಂಪಿಗೂ 64 ಜನ ಬೇಕು. ಒಟ್ಟು 128. ಅದೇ, ಒಬ್ಬರನ್ನೇ ಎರಡೂ ಸ್ಥಿತಿಯಲ್ಲಿ ನೋಡಿ ಅವರೊಂದಿಗೇ ಅವರನ್ನು ಹೋಲಿಸಿದರೆ ಸುಮಾರು 34 ಜನ ಸಾಕು. ನನ್ನಲ್ಲಿದ್ದವರು 22.

ಈ ಲೆಕ್ಕ ನೋಡಿದ ಮೇಲೆಯೇ ನಾನು ದಿನಚರಿಗೆ ತಿರುಗಿದ್ದು. ಹನ್ನೆರಡು ಜನ, ಹದಿನಾಲ್ಕು ರಾತ್ರಿ. ಬೆಳಿಗ್ಗೆ ಎದ್ದ ಕೂಡಲೇ ನಾಲ್ಕು ಸಾಲು: ದೀಪ ಆರಿಸಿದ್ದು ಎಷ್ಟಕ್ಕೆ, ಫೋನ್ ಹಿಡಿದಿರಾ, ನಿದ್ದೆ ಹತ್ತಲು ಸುಮಾರು ಎಷ್ಟು ಹೊತ್ತಾಯಿತು, ನಿದ್ದೆ ಬಾರದ್ದೋ ಫೋನ್ ಹಿಡಿದದ್ದೋ, ಮೊದಲು ಆದದ್ದು ಯಾವುದು. 168ರಲ್ಲಿ 151 ದಾಖಲೆ ಕೈಗೆ ಬಂದವು. ‘ಸಾಮಾನ್ಯವಾಗಿ ನೀವು...’ ಎಂದು ಕೇಳಿದಾಗ ಜನ ತಮ್ಮ ಬಗ್ಗೆ ತಮಗಿರುವ ಅಭಿಪ್ರಾಯ ಹೇಳುತ್ತಾರೆ. ‘ನಿನ್ನೆ ರಾತ್ರಿ’ ಎಂದು ಕೇಳಿದಾಗ ನಿನ್ನೆ ರಾತ್ರಿಯದ್ದನ್ನು ಹೇಳುತ್ತಾರೆ. ಹೆಚ್ಚು ಫೋನ್ ನೋಡುವವರಿಗೆ ನಿದ್ದೆ ತಡ ಎಂದು ಪ್ರಶ್ನಾವಳಿಯ ಉಳಿದ ಏಳು ಹೇಳಿಕೆಗಳಲ್ಲಿ ಕಂಡಿತ್ತು. ದಿನಚರಿಯ ನಾಲ್ಕನೇ ಸಾಲು ಬೇರೆಯೇ ಕಥೆ ಹೇಳಿತು: ತಡವಾದ ರಾತ್ರಿಗಳಲ್ಲಿ ಹೆಚ್ಚಿನವು, ಮೊದಲು ನಿದ್ದೆ ಬಾರದೆ ಹೊರಳಾಡಿ ಆಮೇಲೆ ಫೋನ್ ಕೈಗೆತ್ತಿಕೊಂಡ ರಾತ್ರಿಗಳು. ಆ ಹಾಳೆಗಳನ್ನು ಜೋಡಿಸಿಟ್ಟು ನೋಡಿದ ಸಂಜೆ ನನಗೆ ಈ ಶಾಸ್ತ್ರದ ಮೇಲೆ ನಿಜವಾದ ಪ್ರೀತಿ ಹುಟ್ಟಿತು. ಹನ್ನೆರಡು ಜನರಿಂದ ಲೋಕಕ್ಕೆಲ್ಲ ಅನ್ವಯಿಸುವ ಮಾತು ಹೇಳಲಾಗದು, ಆದರೆ ಮುಂದೆ ಏನು ಕೇಳಬೇಕೆಂದು ಗೊತ್ತಾಯಿತು.

ದೋಷ ಇಲ್ಲದಿಲ್ಲ. ಕಾಗದದ ದಿನಚರಿಯನ್ನು ನಂಬಿ ಕೂರಬೇಡಿ. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನವೊಂದರಲ್ಲಿ, ದಿನಚರಿಯ ಕಡತ ತೆರೆದ ಹೊತ್ತನ್ನು ಬೆಳಕಿನ ಸೆನ್ಸರ್‌ನಿಂದ ಗುಟ್ಟಾಗಿ ದಾಖಲಿಸಿದ್ದರು. ಹೇಳಿದ ಹೊತ್ತಿಗೇ ಬರೆದೆವು ಎಂದು ಜನ ತೋರಿಸಿದ್ದು 90%, ನಿಜವಾಗಿ ಬರೆದದ್ದು 11%. ಉಳಿದದ್ದು ಬೇರೆ ಹೊತ್ತಿನಲ್ಲಿ ಕೂತು ತುಂಬಿಸಿದ್ದು. ಹಾಗಾಗಿ ನಾನು ಮೆಸೇಜ್ ಮೂಲಕ ತರಿಸಿಕೊಂಡೆ, ಬಂದ ಹೊತ್ತು ತಾನಾಗಿ ದಾಖಲಾಗುತ್ತದೆ. ಇನ್ನೊಂದು, 151 ದಾಖಲೆ ಎಂದರೆ 151 ಜನರಲ್ಲ. ಒಬ್ಬರ ಹದಿನಾಲ್ಕು ರಾತ್ರಿಗಳು ಒಂದನ್ನೊಂದು ಹೋಲುತ್ತವೆ, ಎಲ್ಲವನ್ನೂ ಒಟ್ಟಿಗೆ ಸುರಿದು ಲೆಕ್ಕ ಹಾಕಿದರೆ ಸುಳ್ಳು ಧೈರ್ಯ ಬರುತ್ತದೆ. ನಾನು ಮೊದಲು ಫೋನ್ ಹಿಡಿದ ಮತ್ತು ಹಿಡಿಯದ ರಾತ್ರಿಗಳ ನಡುವೆ ಒಬ್ಬೊಬ್ಬರದ್ದೇ ಸರಾಸರಿ ವ್ಯತ್ಯಾಸ ತೆಗೆದು, ಆ ಹನ್ನೆರಡು ಸಂಖ್ಯೆಗಳನ್ನಷ್ಟೇ ಇಟ್ಟುಕೊಂಡೆ.

ಒಪ್ಪಿಗೆ ಪತ್ರ ಮೂರಕ್ಕೂ ಬೇಕು. ಹೆಸರಿನ ಬದಲು ಸಂಕೇತ ಸಂಖ್ಯೆ ಬಳಸಿ.

ನೂರಾರು ಜನರ ಪರಿಚಯವಿದ್ದು ಹೇಳಿಕೆಗಳನ್ನು ತಿದ್ದಿ ತೀಡಲು ತಾಳ್ಮೆ ಇರುವವರು ಪ್ರಶ್ನಾವಳಿ ಮಾಡಲಿ. ಪ್ರಯೋಗಾಲಯ, ಸಹಾಯಕರು, ಸಾಕಷ್ಟು ಜನ ಇರುವವರು ಪ್ರಯೋಗ ಮಾಡಲಿ. ನನ್ನ ಬಳಿ ಇದ್ದದ್ದು ದಿನಕ್ಕೆ ಅರ್ಧ ಗಂಟೆ, ಮಾತಿಗೆ ತಪ್ಪದ ಹನ್ನೆರಡು ಜನ, ಮತ್ತು ಬೆಳಗಿನ ಹೊತ್ತು ಕೂತು ಬರೆದಿಡುವ ಹಳೆಯ ಅಭ್ಯಾಸ. ಅದಕ್ಕೆ ದಿನಚರಿಯೇ ಒಗ್ಗಿತು. ಮುಂದಿನ ಸಲ ಅದೇ ಹನ್ನೆರಡು ಜನರಿಗೆ ಪ್ರತಿ ರಾತ್ರಿ ನಾಣ್ಯ ಚಿಮ್ಮಿಸಲು ಹೇಳಲಿದ್ದೇನೆ: ತಲೆ ಬಿದ್ದರೆ ಫೋನ್ ಹೊರಗೆ, ಇಲ್ಲದಿದ್ದರೆ ಎಂದಿನಂತೆ. ದಿನಚರಿಯೊಳಗೇ ಪ್ರಯೋಗವೂ ಸೇರಿಕೊಳ್ಳುತ್ತದೆ. ನಾಲ್ಕು ಸಾಲಿನ ಜೊತೆಗೆ ಐದನೆಯದು: ನಾಣ್ಯ ಏನು ಹೇಳಿತು, ಅದರಂತೆ ನಡೆದಿರಾ?