ಸಿಡ್ನಿಯ ಗೊತ್ತಿಲ್ಲದ ಸಬರ್ಬ್‌ನಲ್ಲಿ ಹೂಡಿಕೆ ಮನೆ: ಯಾವ ಮಾಹಿತಿ ಸೇವೆಯನ್ನು ಎಷ್ಟು ನಂಬಬಹುದು

ಸಿಡ್ನಿ ನಗರಕೇಂದ್ರದ ಸುತ್ತಮುತ್ತ ಬಾಡಿಗೆಗೆ ಬಿಡಲೆಂದು ಯೂನಿಟ್ (ಫ್ಲ್ಯಾಟ್) ಹುಡುಕುವವರು ಮೊದಲು ತೆರೆಯುವುದು ಡೊಮೇನ್ ಅಥವಾ ರಿಯಲ್‌ಎಸ್ಟೇಟ್ ಡಾಟ್ ಕಾಮ್ ಡಾಟ್ ಎಯು ತಾಣದ ಸಬರ್ಬ್ (ಬಡಾವಣೆ) ಪುಟಗಳನ್ನು. ಮಾರಾಟಕ್ಕೆ ಏನೇನಿದೆ, ಹೋದ ವಾರ ಏನು ಹೋಯಿತು ಎಂದು ತಿಳಿಯಲು ಇವೆರಡೂ ಚೆನ್ನಾಗಿವೆ. ಆದರೆ ಅಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವ ಮೀಡಿಯನ್ ಬೆಲೆಯನ್ನು ನೋಡಿ ತೀರ್ಮಾನಕ್ಕೆ ಬರಬೇಡಿ. ಮಾರಾಟವಾದ ಮನೆಗಳನ್ನು ಬೆಲೆಯ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ಮನೆಯ ಬೆಲೆ ಅದು, ಅಷ್ಟೆ. ಒಂದು ಹೊಸ ಟವರ್‌ನ ಒಂದು ಬೆಡ್‌ರೂಮಿನ ಯೂನಿಟ್‌ಗಳು ಒಟ್ಟಿಗೆ ನೋಂದಣಿಯಾದರೆ, ಯಾವ ಮನೆಯ ಬೆಲೆಯೂ ಇಳಿಯದೆಯೇ ಮೀಡಿಯನ್ ಇಳಿದುಬಿಡುತ್ತದೆ. ಇಷ್ಟೇ ಮಾಹಿತಿಯನ್ನು ಮೂಲದಲ್ಲಿ ನೋಡಬೇಕೆಂದರೆ ನ್ಯೂ ಸೌತ್ ವೇಲ್ಸ್ ವ್ಯಾಲ್ಯುಯರ್ ಜನರಲ್ ಇಲಾಖೆ ಮಾರಾಟದ ವಿವರಗಳನ್ನು ಉಚಿತವಾಗಿ ಕೊಡುತ್ತದೆ. ರಸ್ತೆಯ ಹೆಸರು ಹಿಡಿದು ಸೋಸಿ, ಒಂದೇ ಕಟ್ಟಡದ ಯೂನಿಟ್‌ಗಳು ಐದಾರು ವರ್ಷದಲ್ಲಿ ಎಷ್ಟಕ್ಕೆ ಕೈಬದಲಾಯಿಸಿವೆ ಎಂದು ನೋಡಿದರೆ ಸಬರ್ಬ್ ಪುಟ ಮುಚ್ಚಿಡುವ ಸಂಗತಿಗಳು ಹೊರಬರುತ್ತವೆ.

ಬಾಡಿಗೆಯ ವಿಷಯದಲ್ಲಿ ನಮ್ಮ ಮೊದಲ ಆಯ್ಕೆ ಸರ್ಕಾರದ ರೆಂಟಲ್ ಬಾಂಡ್ (ಬಾಡಿಗೆದಾರ ಇಡುವ ಮುಂಗಡ ಠೇವಣಿ) ದತ್ತಾಂಶ. ಇದನ್ನು ಬಳಸುವವರು ಕಡಿಮೆ, ಆದರೆ ಇದಕ್ಕಿಂತ ಗಟ್ಟಿಯಾದ ಉಚಿತ ಮಾಹಿತಿ ಇನ್ನೊಂದಿಲ್ಲ. ಜಾಹೀರಾತಿನಲ್ಲಿರುವುದು ಮಾಲೀಕ ಕೇಳುವ ಬಾಡಿಗೆ. ಇಲ್ಲಿರುವುದು ಒಪ್ಪಂದಕ್ಕೆ ಸಹಿ ಬಿದ್ದು ಬಾಂಡ್ ಜಮೆಯಾದ ಬಾಡಿಗೆ. ಪ್ರತಿ ತಿಂಗಳ ಸ್ಪ್ರೆಡ್‌ಶೀಟ್‌ನಲ್ಲಿ ದಿನಾಂಕ, ಪೋಸ್ಟ್‌ಕೋಡ್, ಮನೆಯ ಬಗೆ, ಬೆಡ್‌ರೂಮ್ ಸಂಖ್ಯೆ, ವಾರದ ಬಾಡಿಗೆ ಎಂಬ ಕಾಲಂಗಳಿರುತ್ತವೆ. ಮನೆಯ ಬಗೆಗೆ ಒಂದೊಂದೇ ಅಕ್ಷರದ ಸಂಕೇತ: ಎಫ್ ಎಂದರೆ ಫ್ಲ್ಯಾಟ್, ಎಚ್ ಎಂದರೆ ಬಿಡಿ ಮನೆ, ಟಿ ಎಂದರೆ ಟೆರೇಸ್ ಅಥವಾ ಟೌನ್‌ಹೌಸ್. ಪೋಸ್ಟ್‌ಕೋಡ್ ಮತ್ತು ಎಫ್ ಆಯ್ದುಕೊಂಡು, ನಿಮಗೆ ಬೇಕಾದ ಬೆಡ್‌ರೂಮ್ ಸಂಖ್ಯೆಗೆ ಸೋಸಿ, ಹನ್ನೆರಡು ತಿಂಗಳ ಕಡತಗಳನ್ನು ಒಂದರ ಕೆಳಗೊಂದು ಅಂಟಿಸಿಕೊಳ್ಳಿ. ಒಂದೇ ತಿಂಗಳನ್ನು ನೋಡಿದರೆ ಮೋಸ ಹೋಗುತ್ತೀರಿ. ವಿಶ್ವವಿದ್ಯಾಲಯಗಳ ಸುತ್ತ ಜನವರಿ, ಫೆಬ್ರವರಿಯಲ್ಲಿ ಬೇಡಿಕೆ ಉಕ್ಕುತ್ತದೆ.

ಇದರ ಜೊತೆಗೇ ಬಾಂಡ್ ಮರುಪಾವತಿಯ ಕಡತವೂ ಇದೆ. ಬಾಂಡ್ ಎಷ್ಟು ದಿನ ಜಮೆಯಲ್ಲಿತ್ತು, ವಾಪಸ್ ಕೊಡುವಾಗ ಬಾಡಿಗೆದಾರನಿಗೆ ಎಷ್ಟು ಹೋಯಿತು, ಏಜೆಂಟ್‌ಗೆ ಎಷ್ಟು ಹೋಯಿತು ಎಂಬುದೂ ಅದರಲ್ಲಿದೆ. ದಿನಗಳ ಕಾಲಂ ನೋಡಿದರೆ ಆ ಪೋಸ್ಟ್‌ಕೋಡ್‌ನಲ್ಲಿ ಜನ ಎಷ್ಟು ಕಾಲ ನಿಲ್ಲುತ್ತಾರೆಂದು ತಿಳಿಯುತ್ತದೆ. ಏಜೆಂಟ್‌ಗೆ ಹೋದ ಹಣ ನೋಡಿದರೆ ರಿಪೇರಿಗೋ ಬಾಕಿಗೋ ಎಷ್ಟು ಬಾರಿ ಬಾಂಡ್ ಮುರಿದುಕೊಳ್ಳಬೇಕಾಯಿತು ಎಂಬ ಅಂದಾಜು ಸಿಗುತ್ತದೆ. ಹೂಡಿಕೆದಾರನಿಗೆ ಇದು ಚಿನ್ನದಂಥ ಮಾಹಿತಿ.

ಇದರ ದೋಷ ಒಂದೇ, ಅದು ಪೋಸ್ಟ್‌ಕೋಡ್‌ಗಿಂತ ಕೆಳಗಿಳಿಯುವುದಿಲ್ಲ. 2011ನ್ನು ತೆಗೆದುಕೊಳ್ಳಿ: ಪಾಟ್ಸ್ ಪಾಯಿಂಟ್, ಎಲಿಜಬೆತ್ ಬೇ, ರಷ್‌ಕಟರ್ಸ್ ಬೇ, ವುಲೂಮುಲೂ ನಾಲ್ಕೂ ಇದರೊಳಗೇ ಬರುತ್ತವೆ. ವುಲೂಮುಲೂ ಒಂದರಲ್ಲೇ ಸರ್ಕಾರಿ ವಸತಿಯೂ ಇದೆ, ಬಂದರಿನ ಕಟ್ಟೆಯ ಮೇಲಿನ ದುಬಾರಿ ಅಪಾರ್ಟ್‌ಮೆಂಟ್‌ಗಳೂ ಇವೆ. ಎಸ್‌ಕ್ಯೂಎಂ ರಿಸರ್ಚ್ ತಾಣದ ಖಾಲಿಮನೆ ಪ್ರಮಾಣಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ಈಗಿನ ಅಂಕಿಗಿಂತ ಗ್ರಾಫ್‌ನ ಗೆರೆ ಹಿಂದೆ ಹೇಗೆ ಏರಿಳಿದಿದೆ ಎಂಬುದು ಮುಖ್ಯ. 2020ರಲ್ಲಿ ಗಡಿ ಮುಚ್ಚಿದಾಗ ನೀವು ನೋಡುತ್ತಿರುವ ಪೋಸ್ಟ್‌ಕೋಡ್ ಎಷ್ಟು ಖಾಲಿಯಾಯಿತು ಎಂದು ನೋಡಿ. ವಿದೇಶಿ ವಿದ್ಯಾರ್ಥಿಗಳ ಮೇಲೆ ಅದು ಎಷ್ಟು ಅವಲಂಬಿಸಿದೆ ಎಂದು ಅಲ್ಲೇ ತಿಳಿಯುತ್ತದೆ.

ಜನಗಣತಿಯ ಕ್ವಿಕ್‌ಸ್ಟ್ಯಾಟ್ಸ್ ಪುಟ ಸರಳವಾಗಿದೆ. ಸಬರ್ಬ್ ಹೆಸರು ಹಾಕಿದರೆ ಬಾಡಿಗೆ ಮನೆಗಳ ಪಾಲು, ಕುಟುಂಬಗಳ ಗಾತ್ರ, ಕಾರಿಲ್ಲದ ಮನೆಗಳು ಎಲ್ಲವೂ ಬರುತ್ತವೆ. ಆದರೆ 2021ರ ಗಣತಿ ನಡೆದದ್ದು ಆಗಸ್ಟ್ 10ರಂದು. ಆಗ ಸಿಡ್ನಿ ಲಾಕ್‌ಡೌನ್‌ನಲ್ಲಿತ್ತು, ಅಂತರರಾಷ್ಟ್ರೀಯ ಗಡಿಯೂ ಮುಚ್ಚಿತ್ತು. ಹಾಗಾಗಿ ಅಲ್ಟಿಮೊ, ಹೇಮಾರ್ಕೆಟ್‌ನಂಥ ವಿದ್ಯಾರ್ಥಿಗಳೇ ತುಂಬಿರುವ ಕಡೆಗಳ 2021ರ ಅಂಕಿಗಳನ್ನು 2016ರದ್ದರ ಪಕ್ಕದಲ್ಲಿಟ್ಟೇ ಓದಬೇಕು.

ಅಪರಾಧದ ಅಂಕಿಗಳಿಗೆ ರಾಜ್ಯದ ಅಪರಾಧ ಅಂಕಿಅಂಶ ಸಂಸ್ಥೆಯಾದ ಬೊಕ್ಸಾರ್ ಒಳ್ಳೆಯದು, ಓದುವ ರೀತಿ ಗೊತ್ತಿದ್ದರೆ ಮಾತ್ರ. ಅದರ ಪ್ರಮಾಣಗಳು 1,00,000 ನಿವಾಸಿಗಳಿಗೆ ಎಂದು ಲೆಕ್ಕವಾಗುತ್ತವೆ. ಕೆಲಸಕ್ಕೆ, ಕುಡಿಯಲು, ಊಟಕ್ಕೆ ಹೊರಗಿನಿಂದ ಬರುವವರು ಆ ನಿವಾಸಿಗಳ ಸಂಖ್ಯೆಯಲ್ಲಿ ಇರುವುದಿಲ್ಲ, ಅಲ್ಲಿ ನಡೆದ ಗಲಾಟೆ ಮಾತ್ರ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ಒಟ್ಟು ಅಂಕಿ ಬಿಟ್ಟು ಮನೆಗಳ್ಳತನ, ವಾಹನದಿಂದ ಕಳವು ಇವೆರಡನ್ನು ಆರಿಸಿಕೊಂಡು ಐದು ವರ್ಷದ ಗತಿ ನೋಡಿ, ಆಮೇಲೆ ಹಾಟ್‌ಸ್ಪಾಟ್ ನಕ್ಷೆಯಲ್ಲಿ ನಿಮ್ಮ ರಸ್ತೆ ಎಲ್ಲಿ ಬರುತ್ತದೆಂದು ಹುಡುಕಿ.

ಇನ್ನು ನ್ಯೂ ಸೌತ್ ವೇಲ್ಸ್ ಪ್ಲಾನಿಂಗ್ ಪೋರ್ಟಲ್‌ನ ಸ್ಪೇಷಿಯಲ್ ವ್ಯೂವರ್. ನಿಧಾನಕ್ಕೆ ತೆರೆಯುತ್ತದೆ, ಮೊಬೈಲಿನಲ್ಲಿ ಬಳಸಲು ಹಿಂಸೆ, ಆದರೂ ಇದನ್ನು ಬಿಡಬೇಡಿ. ವಿಳಾಸ ಹಾಕಿ, ಎಡಗಡೆಯ ಪದರಗಳಲ್ಲಿ ವಲಯ, ಕಟ್ಟಡದ ಎತ್ತರ, ಪಾರಂಪರಿಕ ಪ್ರದೇಶ ಈ ಮೂರನ್ನು ಒಂದಾದ ಮೇಲೊಂದು ಹಚ್ಚಿ. ನಿಮ್ಮ ನಿವೇಶನಕ್ಕಿಂತ ಪಕ್ಕದ ಮತ್ತು ಉತ್ತರಕ್ಕಿರುವ ನಿವೇಶನಗಳನ್ನು ಹೆಚ್ಚು ಗಮನಿಸಿ. ದಕ್ಷಿಣಾರ್ಧ ಗೋಳದಲ್ಲಿ ಬಿಸಿಲು ಬರುವುದು ಉತ್ತರದಿಂದ. ಉತ್ತರದ ಕಡೆ ಈಗ ಒಂದಂತಸ್ತಿನ ಗ್ಯಾರೇಜ್ ಇದ್ದು, ನಕ್ಷೆಯಲ್ಲಿ 22 ಮೀಟರ್ ಎತ್ತರಕ್ಕೆ ಅವಕಾಶವಿದ್ದರೆ ಮುಂದೆ ಅಲ್ಲಿ ಆರು ಅಂತಸ್ತು ಎದ್ದು ನಿಮ್ಮ ಬಾಲ್ಕನಿಗೆ ಚಳಿಗಾಲದ ಬಿಸಿಲು ಬೀಳದಂತಾಗಬಹುದು. ಅರ್ಜಿ ಆಗಲೇ ಬಿದ್ದಿದೆಯೇ ಎಂದು ಕೌನ್ಸಿಲ್‌ನ ಡಿಎ (ಕಟ್ಟಡ ಅನುಮತಿ ಅರ್ಜಿ) ಪಟ್ಟಿಯಲ್ಲಿ ನೋಡಿ.

ಅಲೆಕ್ಸಾಂಡ್ರಿಯಾ, ವಾಟರ್‌ಲೂ, ಜೆಟ್‌ಲ್ಯಾಂಡ್ ಕಡೆ ಕಾರ್ಖಾನೆಗಳಿದ್ದ ನೆಲದ ಮೇಲೆ ಅಪಾರ್ಟ್‌ಮೆಂಟ್‌ಗಳೆದ್ದಿವೆ. ರಾಜ್ಯದ ಪರಿಸರ ಸಂರಕ್ಷಣಾ ಪ್ರಾಧಿಕಾರ (ಇಪಿಎ) ಪ್ರಕಟಿಸುವ ಕಲುಷಿತ ನಿವೇಶನಗಳ ಪಟ್ಟಿಯನ್ನು ಸಬರ್ಬ್ ಪ್ರಕಾರ ಹುಡುಕಬಹುದು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ನೆಲ ಶುದ್ಧವೆಂದೇನೂ ಅಲ್ಲ, ಯಾರೂ ವರದಿ ಮಾಡಿಲ್ಲ ಎಂದಷ್ಟೇ ಅರ್ಥ. ವಿಮಾನದ ಸದ್ದಿಗೆ ವಿಮಾನ ಸಂಚಾರ ನೋಡಿಕೊಳ್ಳುವ ಏರ್‌ಸರ್ವಿಸಸ್‌ನ ವೆಬ್‌ಟ್ರ್ಯಾಕ್ ತಾಣ ಸಾಕು. ಸಿಡ್ನಿ ವಿಮಾನ ನಿಲ್ದಾಣದಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ ಹಾರಾಟಕ್ಕೆ ನಿರ್ಬಂಧವಿದೆ. ಗಾಳಿಯ ದಿಕ್ಕಿನ ಮೇಲೆ ರನ್‌ವೇ ಬಳಕೆ ಬದಲಾಗುವುದರಿಂದ ಮನೆ ನೋಡಲು ಹೋದ ಶನಿವಾರ ಆಕಾಶ ಶಾಂತವಾಗಿದ್ದರೆ ಅದನ್ನು ನಂಬಿ ಕೂರಬೇಡಿ. ಸಿಡ್ನಮ್, ಮ್ಯಾರಿಕ್‌ವಿಲ್, ಸ್ಟ್ಯಾನ್‌ಮೋರ್, ಲೈಕಾರ್ಟ್ ಕಡೆ ನೋಡುವವರು ಇದನ್ನು ತಪ್ಪದೆ ಪರೀಕ್ಷಿಸಬೇಕು.

ಸಬರ್ಬ್ ಬಗ್ಗೆ ಇಷ್ಟು ತಿಳಿದ ಮೇಲೆ ಕಟ್ಟಡ. ಹಣ ಹೋಗುವುದು ಬಹುಪಾಲು ಇಲ್ಲೇ. ಮಾರಾಟದ ಕರಾರುಪತ್ರ ಸಿದ್ಧವಾಗುವ ಮುನ್ನ ಮನೆಯನ್ನು ಮಾರಾಟಕ್ಕಿಡುವಂತಿಲ್ಲ ಎಂಬುದು ಈ ರಾಜ್ಯದ ಕಾನೂನು. ಏಜೆಂಟ್‌ನನ್ನು ಕೇಳಿದರೆ ಅದರ ಪ್ರತಿ ಕಳಿಸುತ್ತಾರೆ. ಅದರಲ್ಲಿ ಕೌನ್ಸಿಲ್‌ನ 10.7 ಪ್ರಮಾಣಪತ್ರವೂ (ನಿವೇಶನಕ್ಕೆ ಅನ್ವಯಿಸುವ ಯೋಜನಾ ನಿಯಮಗಳ ಪತ್ರ) ಒಳಚರಂಡಿ ನಕ್ಷೆಯೂ ಇರುತ್ತವೆ. ಪ್ರವಾಹ ಸಂಬಂಧಿ ನಿಯಮಗಳು ಅನ್ವಯಿಸುತ್ತವೆಯೇ ಎಂಬುದು 10.7ರಲ್ಲೇ ಬರೆದಿರುತ್ತದೆ. ಹಳಬರು ಇದನ್ನು ಈಗಲೂ 149 ಎನ್ನುತ್ತಾರೆ, ಸಂಖ್ಯೆ ಬದಲಾದದ್ದು 2018ರಲ್ಲಿ.

ಸ್ಟ್ರಾಟಾ (ಯೂನಿಟ್ ಮಾಲೀಕರೆಲ್ಲ ಸೇರಿ ಕಟ್ಟಡದ ಸಾಮಾನ್ಯ ಭಾಗಗಳನ್ನು ನೋಡಿಕೊಳ್ಳುವ ವ್ಯವಸ್ಥೆ) ತಪಾಸಣೆ ವರದಿಗೆ ಕೆಲವು ನೂರು ಡಾಲರ್ ಖರ್ಚಾಗುತ್ತದೆ. ಖರೀದಿಯಲ್ಲಿ ಇದಕ್ಕಿಂತ ಸಾರ್ಥಕವಾದ ಖರ್ಚು ಇನ್ನೊಂದಿಲ್ಲ. ಏಜೆಂಟ್ ಕೊಡುವ ವರದಿಯನ್ನೇ ನೆಚ್ಚಿಕೊಳ್ಳದೆ ನಿಮ್ಮದೇ ತರಿಸಿ, ಕನಿಷ್ಠ ಐದು ವರ್ಷದ ಸಭಾ ನಡಾವಳಿ ಬೇಕೆಂದು ಹೇಳಿ. ವರದಿಯ ಮೊದಲ ಪುಟದ ಸಾರಾಂಶ ದಾಟಿ ನೇರ ನಡಾವಳಿಗೆ ಹೋಗಿ. ನೀರು ಸೋರಿಕೆ ಎಂಬ ಮಾತು ಪ್ರತಿ ಸಭೆಯಲ್ಲೂ ಬಂದು, ಪ್ರತಿ ಸಲವೂ ಇನ್ನೊಂದು ಕೊಟೇಶನ್ ತರಿಸೋಣ ಎಂದು ಮುಗಿದಿದ್ದರೆ ಮುಂದೆ ವಿಶೇಷ ಲೆವಿ (ಮಾಲೀಕರಿಂದ ಹೆಚ್ಚುವರಿಯಾಗಿ ವಸೂಲು ಮಾಡುವ ಹಣ) ಬಂದೇ ಬರುತ್ತದೆ. ದೊಡ್ಡ ರಿಪೇರಿಗಳಿಗೆಂದು ಕೂಡಿಡುವ ಕ್ಯಾಪಿಟಲ್ ವರ್ಕ್ಸ್ ನಿಧಿಯಲ್ಲಿ ಈಗಿರುವ ಹಣವನ್ನು ಹತ್ತು ವರ್ಷದ ಯೋಜನೆಯ ಪ್ರಕಾರ ಈ ವರ್ಷ ಇರಬೇಕಾದ ಹಣದ ಜೊತೆ ಹೋಲಿಸಿ. ಕೊರತೆ ಎಷ್ಟಿದೆಯೋ ಅದರಲ್ಲಿ ನಿಮ್ಮ ಯೂನಿಟ್‌ನ ಪಾಲನ್ನು ಬೆಲೆಯ ಮೇಲೆ ಸೇರಿಸಿ ಯೋಚಿಸಿ. ಕೌನ್ಸಿಲ್‌ನ ಅಗ್ನಿಸುರಕ್ಷತಾ ಆದೇಶ, ಹೊರಗೋಡೆಯ ಕ್ಲ್ಯಾಡಿಂಗ್ (ಹೊದಿಕೆ), ವಿಮೆಯ ಕ್ಲೇಮುಗಳು ಈ ಮೂರೂ ಪತ್ರವ್ಯವಹಾರದ ಕಡತದಲ್ಲಿ ಸಿಗುತ್ತವೆ.

ಹಳೆಯ ಇಟ್ಟಿಗೆ ಕಟ್ಟಡಗಳಲ್ಲಿ, ಮುಖ್ಯವಾಗಿ 1960, 70ರ ದಶಕದವುಗಳಲ್ಲಿ, ಮ್ಯಾಗ್ನಸೈಟ್ ಎಂಬ ಪದವನ್ನು ಹುಡುಕಿ. ಕಾಂಕ್ರೀಟ್ ನೆಲದ ಮೇಲೆ ಸದ್ದು ತಗ್ಗಿಸಲೆಂದು ಇದನ್ನು ಹಾಸುತ್ತಿದ್ದರು. ಇದಕ್ಕೆ ನೀರು ತಾಗಿದರೆ ಕ್ಲೋರೈಡ್ ಕೆಳಗಿಳಿದು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ತುಕ್ಕು ಉಬ್ಬಿ ಕಾಂಕ್ರೀಟ್ ಸಿಡಿಯುತ್ತದೆ. ಬಾತ್‌ರೂಮಿನ ಗೋಡೆಗೆ ತಾಗಿದ ಕಾರ್ಪೆಟ್ ಅಂಚಿನಲ್ಲಿ, ಬಾಲ್ಕನಿ ಬಾಗಿಲ ಬುಡದಲ್ಲಿ ಕಾಲಿಟ್ಟಾಗ ಪುಡಿಪುಡಿಯಾದಂತೆ ಅನ್ನಿಸಿದರೆ ಅನುಮಾನ ಪಡಿ. ಹೊಸ ಟವರ್‌ಗಳೂ ಇದಕ್ಕಿಂತ ಸುರಕ್ಷಿತವೆಂದಲ್ಲ. ಮ್ಯಾಸ್ಕಟ್ ಟವರ್ಸ್‌ನಲ್ಲಿ ಬಿರುಕು ಕಂಡು ಜನರನ್ನು ತೆರವುಗೊಳಿಸಿದ್ದು 2019ರ ಜೂನ್‌ನಲ್ಲಿ. ದೊಡ್ಡ ದೋಷಗಳಿಗೆ ಕಾನೂನಿನ ಖಾತರಿ ಆರು ವರ್ಷ, ಉಳಿದವಕ್ಕೆ ಎರಡು. ಹಾಗಾಗಿ ಏಳೆಂಟು ವರ್ಷದ ಕಟ್ಟಡವನ್ನು ನಡಾವಳಿ ಓದದೆ ಮುಟ್ಟಬೇಡಿ.

ಪಾಟ್ಸ್ ಪಾಯಿಂಟ್, ಎಲಿಜಬೆತ್ ಬೇ ಕಡೆ ಬೆಲೆ ವಿಚಿತ್ರವಾಗಿ ಕಡಿಮೆ ಕಂಡರೆ ಅದು ಕಂಪನಿ ಟೈಟಲ್ ಇರಬಹುದು. 1961ರ ಸ್ಟ್ರಾಟಾ ಕಾನೂನಿಗೆ ಮುಂಚಿನ ಪದ್ಧತಿಯಿದು. ನೀವು ಕೊಳ್ಳುವುದು ಮನೆಯನ್ನಲ್ಲ, ಕಂಪನಿಯ ಷೇರನ್ನು. ಬಾಡಿಗೆಗೆ ಬಿಡಲು ಮಂಡಳಿಯ ಒಪ್ಪಿಗೆ ಬೇಕಾಗಬಹುದು, ಬ್ಯಾಂಕ್‌ಗಳೂ ಕಡಿಮೆ ಸಾಲ ಕೊಡುತ್ತವೆ. 50 ಚದರ ಮೀಟರ್‌ಗಿಂತ ಚಿಕ್ಕ ಸ್ಟುಡಿಯೊಗಳಿಗೂ ಹಲವು ಬ್ಯಾಂಕ್‌ಗಳು ಹೆಚ್ಚು ಡೆಪಾಸಿಟ್ ಕೇಳುತ್ತವೆ. ಏರ್‌ಬಿಎನ್‌ಬಿ ಲೆಕ್ಕ ಹಾಕಿಕೊಂಡಿರುವವರು ಗಮನಿಸಿ: ಮಾಲೀಕ ಅಲ್ಲಿ ವಾಸವಿಲ್ಲದ ಮನೆಗೆ ಗ್ರೇಟರ್ ಸಿಡ್ನಿಯಲ್ಲಿ ವರ್ಷಕ್ಕೆ 180 ದಿನಗಳ ಮಿತಿ ಇದೆ, ಸ್ಟ್ರಾಟಾ ಬೈಲಾ ಅದನ್ನು ಪೂರ್ತಿ ನಿಷೇಧಿಸಲೂಬಹುದು.

ತಾಣಗಳು ತೋರಿಸುವ ಆದಾಯದ ಶೇಕಡಾವಾರು ಖರ್ಚು ಕಳೆಯದ ಅಂಕಿ. ಉದಾಹರಣೆಗೆ 8,50,000 ಡಾಲರ್ ಯೂನಿಟ್, ವಾರಕ್ಕೆ 750 ಬಾಡಿಗೆ ಎಂದುಕೊಳ್ಳಿ. ವರ್ಷಕ್ಕೆ 39,000, ಅಂದರೆ ಶೇ 4.6. ಇದರಲ್ಲಿ ಮೂರು ತಿಂಗಳಿಗೆ 1,800ರಂತೆ ಸ್ಟ್ರಾಟಾ ಲೆವಿ 7,200, ಏಜೆಂಟ್ ಶುಲ್ಕ ಶೇ 5.5ರಂತೆ 2,145, ಕೌನ್ಸಿಲ್, ನೀರು, ವಿಮೆ ಸೇರಿ 2,800, ಎರಡು ವಾರ ಖಾಲಿಯಿದ್ದದ್ದಕ್ಕೆ 1,500 ಕಳೆಯಿರಿ. ಉಳಿಯುವುದು 25,355, ಶೇ 3 ಕೂಡ ಇಲ್ಲ. ಬಡ್ಡಿ, ಲ್ಯಾಂಡ್ ಟ್ಯಾಕ್ಸ್ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಒಳಗಡೆ ಆಗಲೇ ಬಾಡಿಗೆದಾರ ಇದ್ದರೆ ಹಿಂದಿನ ಏರಿಕೆಯ ದಿನಾಂಕ ಕೇಳಿ. ಹನ್ನೆರಡು ತಿಂಗಳಿಗೆ ಒಂದೇ ಸಲ ಬಾಡಿಗೆ ಏರಿಸಬಹುದು. ಕಾರಣ ಕೊಡದೆ ಬಿಡಿಸುವ ಅವಕಾಶವೂ 2025ರ ಮೇ 19ರಿಂದ ಇಲ್ಲ.

ಈ ಕೆಲಸವೆಲ್ಲ ಹರಾಜಿಗೆ ಮೊದಲೇ ಮುಗಿಯಬೇಕು, ಏಕೆಂದರೆ ಹರಾಜಿನಲ್ಲಿ ಕೊಂಡರೆ ಕೂಲಿಂಗ್ ಆಫ್ ಅವಧಿ (ಕರಾರಾದ ಮೇಲೂ ಹಿಂದೆ ಸರಿಯಬಹುದಾದ ದಿನಗಳು) ಇರುವುದಿಲ್ಲ. ಮಾತುಕತೆಯಲ್ಲಿ ಕೊಂಡರೆ ಐದು ಕೆಲಸದ ದಿನಗಳಿರುತ್ತವೆ, ಹಿಂದೆ ಸರಿದರೆ ಬೆಲೆಯ ಶೇ 0.25 ಹೋಗುತ್ತದೆ. 8,50,000ಕ್ಕೆ ಅದು 2,125 ಡಾಲರ್. ಏಜೆಂಟ್ 66ಡಬ್ಲ್ಯೂ ಪ್ರಮಾಣಪತ್ರ ಕೇಳಿದರೆ ಆ ಐದು ದಿನಗಳನ್ನೂ ಬಿಟ್ಟುಕೊಡಲು ಕೇಳುತ್ತಿದ್ದಾರೆಂದೇ ಅರ್ಥ. ಸ್ಟ್ರಾಟಾ ವರದಿ ಕೈಗೆ ಬರುವ ತನಕ ಅದಕ್ಕೆ ಒಪ್ಪಬೇಡಿ.