ಕೆಟ್ಟ ಟರ್ಬೊ ಬದಲಿಗೆ ಹೊಸದೇ, ರಿಕಂಡಿಷನ್ ಮಾಡಿದ್ದೇ, ಗುಜರಿಯದೇ? – ಓಡಿಸಿ ನೋಡಿದ ಹೋಲಿಕೆ

ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರಿನ ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಕೆಟ್ಟಾಗ ಮೆಕ್ಯಾನಿಕ್ ಸಾಮಾನ್ಯವಾಗಿ ಮೂರು ದಾರಿಗಳನ್ನು ಹೇಳುತ್ತಾರೆ. ಹೊಸ ಟರ್ಬೊ ಹಾಕಿಸುವುದು, ಇರುವುದರ ಒಳಗಿನ ತಿರುಗುವ ಭಾಗವಾದ ಕಾರ್ಟ್ರಿಜ್ ಬದಲಿಸಿ ರಿಕಂಡಿಷನ್ ಮಾಡಿಸುವುದು, ಇಲ್ಲವೇ ಗುಜರಿಗೆ ಬಂದ ಅದೇ ಮಾದರಿಯ ಕಾರಿನಿಂದ ಬಿಚ್ಚಿದ್ದನ್ನು ತಂದು ಕೂರಿಸುವುದು. ನಾನು ಮತ್ತು ನನ್ನ ತಮ್ಮ ಬೇರೆ ಬೇರೆ ಕಾಲಕ್ಕೆ ಕೊಂಡ ಹಳೆಯ ಕಾರುಗಳಲ್ಲಿ ಈ ಮೂರನ್ನೂ ಮಾಡಿಸಿ, ಬಹುಕಾಲ ಓಡಿಸಿ ನೋಡಿದ್ದೇವೆ. ಯಾವ ಟರ್ಬೊ ಹಾಕಿಸಿದೆವು ಎಂಬುದಕ್ಕಿಂತ, ಮೊದಲಿನದು ಏಕೆ ಕೆಟ್ಟಿತೆಂಬುದನ್ನು ಹುಡುಕಿ ಸರಿಪಡಿಸಿದೆವೋ ಇಲ್ಲವೋ ಎಂಬುದೇ ಹೆಚ್ಚು ಮುಖ್ಯವಾಯಿತು. ಹಾಗೆಂದು ಮೂರೂ ಸಮವೆಂದು ನಾನು ಹೇಳಲಾರೆ.

ಟರ್ಬೊದ ಶಾಫ್ಟ್ ನಿಮಿಷಕ್ಕೆ 1,00,000 ಸುತ್ತಿಗಿಂತ ಹೆಚ್ಚು ತಿರುಗುತ್ತದೆ. ಚಿಕ್ಕ ಎಂಜಿನ್‌ಗಳ ಟರ್ಬೊಗಳಲ್ಲಿ ಇದು 2,00,000 ಸುತ್ತುಗಳನ್ನೂ ದಾಟುವುದುಂಟು. ಸಾಮಾನ್ಯ ಕಾರುಗಳ ಟರ್ಬೊಗಳಲ್ಲಿ ಆ ಶಾಫ್ಟನ್ನು ಹೊತ್ತಿರುವುದು ಬಾಲ್ ಬೇರಿಂಗ್ ಅಲ್ಲ, ಬೇರಿಂಗಿಗೂ ಶಾಫ್ಟಿಗೂ ನಡುವೆ ನಿಂತಿರುವ ಆಯಿಲ್‌ನ ತೆಳುವಾದ ಪದರ. ಎಂಜಿನ್ನಿನಿಂದ ಬರುವ ಸಣ್ಣ ಪೈಪ್ ಕಟ್ಟಿಕೊಂಡರೂ, ಆಯಿಲ್‌ನಲ್ಲಿ ಮಸಿಯ ಕಣಗಳು ತುಂಬಿದರೂ, ದೂರ ಓಡಿಸಿ ಬಂದು ಕೂಡಲೇ ಎಂಜಿನ್ ಆರಿಸಿದಾಗ ಒಳಗೆ ಉಳಿದ ಆಯಿಲ್ ಸುಟ್ಟು ಇದ್ದಿಲಾದರೂ, ಆ ಪದರ ಹರಿದು ಲೋಹಕ್ಕೆ ಲೋಹ ತಾಗುತ್ತದೆ. ಟರ್ಬೊ ತಾನಾಗಿಯೇ ಸವೆದು ಕೆಟ್ಟದ್ದನ್ನು ನಾನು ಕಂಡದ್ದು ಬಹಳ ಕಡಿಮೆ.

ಗುಜರಿಯ ಟರ್ಬೊವನ್ನು ಮೊದಲು ಹಾಕಿಸಿದ್ದು ತಮ್ಮನ ಕಾರಿಗೆ. ಮೂರರಲ್ಲಿ ಎಲ್ಲಕ್ಕಿಂತ ಅಗ್ಗದ ದಾರಿ ಅದೇ, ಕೆಲಸವೂ ಒಂದೇ ದಿನದಲ್ಲಿ ಮುಗಿಯಿತು. ಶಾಫ್ಟನ್ನು ಬೆರಳಿನಿಂದ ಅಲುಗಾಡಿಸಿ ನೋಡಿಯೇ ತಂದಿದ್ದೆವು. ಪಕ್ಕದ ದಿಕ್ಕಿಗೆ ಸ್ವಲ್ಪ ಆಟವಿರುವುದು ಸಹಜ, ಏಕೆಂದರೆ ಕೈಯಲ್ಲಿ ಹಿಡಿದಾಗ ನಡುವೆ ಆಯಿಲ್ ಇರುವುದಿಲ್ಲ. ಹಿಂದಕ್ಕೆ ಮುಂದಕ್ಕೆ ಎಳೆದಾಗ ಮಾತ್ರ ಆಟ ತಿಳಿಯಬಾರದು. ಆ ಪರೀಕ್ಷೆಯಲ್ಲಿ ಅದು ಗೆದ್ದಿತ್ತು. ಆದರೆ ಕೆಲವೇ ತಿಂಗಳಲ್ಲಿ ಏರು ರಸ್ತೆಯಲ್ಲಿ ಪಿಕಪ್ ಇದ್ದಕ್ಕಿದ್ದಂತೆ ಸತ್ತು, ಎಚ್ಚರಿಕೆಯ ದೀಪ ಹೊತ್ತಿ, ಕಾರು ಲಿಂಪ್ ಮೋಡಿಗೆ (ಎಂಜಿನ್ ತಾನೇ ಶಕ್ತಿಯನ್ನು ಕಡಿಮೆ ಮಾಡಿಕೊಳ್ಳುವ ಸ್ಥಿತಿಗೆ) ಹೋಗತೊಡಗಿತು. ಬಿಚ್ಚಿದಾಗ, ಎಂಜಿನ್ನಿನ ವೇಗಕ್ಕೂ ಹೊರೆಗೂ ತಕ್ಕಂತೆ ತೆರೆದು ಮುಚ್ಚಿ ಹೊಗೆಯ ಹರಿವನ್ನು ಹೊಂದಿಸಬೇಕಾದ ಸಣ್ಣ ರೆಕ್ಕೆಗಳು, ಅಂದರೆ ವೇನ್‌ಗಳು ಮಸಿ ಹಿಡಿದು ಅರ್ಧದಲ್ಲೇ ಸಿಲುಕಿದ್ದವು. ಶಾಫ್ಟ್ ಚೆನ್ನಾಗಿತ್ತು, ಕೆಟ್ಟದ್ದು ನಮ್ಮ ಬೆರಳಿಗೆ ಎಟುಕದ ಭಾಗ. ಗುಜರಿಯ ಟರ್ಬೊದ ನಿಜವಾದ ತೊಂದರೆ ಇದೇ ಎಂದು ನನಗನ್ನಿಸುತ್ತದೆ: ಅದು ಹಿಂದಿನ ಕಾರಿನಲ್ಲಿ ಎಂಥ ಆಯಿಲ್ ಕುಡಿದಿತ್ತು, ಆ ಕಾರು ಗುಜರಿಗೆ ಏಕೆ ಬಂತು ಎಂಬುದು ಮಾರುವವನಿಗೂ ಗೊತ್ತಿರುವುದಿಲ್ಲ. ಅಪಘಾತದಲ್ಲಿ ಜಖಂ ಆದ ಕಾರು, ಎಂಜಿನ್ ಓಡುತ್ತಿರುವುದನ್ನು ಕಣ್ಣಾರೆ ನೋಡಿಯೇ ಬಿಚ್ಚಿಸಿಕೊಂಡದ್ದು ಎಂದಾದರೆ ಮಾತ್ರ ನಾನು ಈ ದಾರಿಯನ್ನು ಒಪ್ಪುತ್ತೇನೆ.

ಹೊಸ ಟರ್ಬೊದ ವಿಷಯದಲ್ಲಿ ಗುಣಮಟ್ಟದ ಬಗ್ಗೆ ದೂರುವಂಥದ್ದೇನೂ ಇಲ್ಲ. ವೇನ್‌ಗಳು, ಅವನ್ನು ಅಲುಗಿಸುವ ಆಕ್ಚುಯೇಟರ್, ಹೊರಕವಚವಾದ ಹೌಸಿಂಗ್ ಎಲ್ಲವೂ ಕಾರ್ಖಾನೆಯಲ್ಲೇ ಹೊಂದಿಸಿ ಬಂದಿರುತ್ತವೆ, ಓಡಿಸುವಾಗ ಕೆಳಗಿನ ಸುತ್ತುಗಳಲ್ಲಿಯೇ ಎಳೆತ ಬಂದು ಕಾರು ಹಗುರಾದಂತೆ ಅನಿಸುತ್ತದೆ. ಆದರೂ ನಮ್ಮ ಇನ್ನೊಂದು ಕಾರಿಗೆ ಗ್ಯಾರೇಜಿನವರು ಹಾಕಿದ ಹೊಸ ಟರ್ಬೊ ಒಂದು ವರ್ಷವೂ ಬಾಳದೆ ಸಿಳ್ಳೆ ಹಾಕಲು ಶುರುಮಾಡಿ, ಸೈಲೆನ್ಸರಿನಿಂದ ನೀಲಿ ಹೊಗೆ ಕಾರಿತು. ಬೇರೆ ಮೆಕ್ಯಾನಿಕ್ ಬಿಚ್ಚಿ ನೋಡಿದಾಗ ಆಯಿಲ್ ಹೋಗುವ ಪೈಪ್ ಹಳೆಯದೇ ಆಗಿತ್ತು. ಅದರ ಬೋಲ್ಟಿನೊಳಗಿದ್ದ ಚಿಕ್ಕ ಜಾಲರಿ ಇದ್ದಿಲಿನಿಂದ ಬಹುಪಾಲು ಮುಚ್ಚಿಹೋಗಿತ್ತು. ಅತ್ಯಂತ ದುಬಾರಿಯ ದಾರಿ ಹಿಡಿದೂ, ಅದರ ಬೆಲೆಯ ಮುಂದೆ ಲೆಕ್ಕಕ್ಕೇ ಬಾರದ ಒಂದು ಪೈಪನ್ನು ಬದಲಿಸದಿದ್ದುದರಿಂದ ಎಲ್ಲವೂ ವ್ಯರ್ಥವಾಯಿತು. ಇದನ್ನು ನೆನೆದಾಗ ಇವತ್ತಿಗೂ ಬೇಸರವಾಗುತ್ತದೆ.

ಆ ಕಾರಿಗೇ ಎರಡನೆಯ ಸಲ ಹೊಸದರ ಬದಲು ರಿಕಂಡಿಷನ್ ಮಾಡಿಸಿದೆವು, ಇವತ್ತಿಗೂ ಅದು ಅದೇ ಟರ್ಬೊದಲ್ಲಿ ಓಡುತ್ತಿದೆ. ಹಳೆಯ ಕಾರಿಗೆ ನಾನು ಮೊದಲು ಹೇಳುವುದು ಈ ದಾರಿಯನ್ನೇ. ಆದರೆ ರಿಕಂಡಿಷನ್ ಎಂಬ ಹೆಸರಿನಲ್ಲಿ ಬಹಳ ವ್ಯತ್ಯಾಸದ ಕೆಲಸಗಳು ನಡೆಯುತ್ತವೆ. ಬೇರಿಂಗ್ ಕಿಟ್ ಮಾತ್ರ ಬದಲಿಸಿ, ಹೊರಗೆ ಬಣ್ಣ ಹೊಡೆದು ಕೊಡುವುದೂ ಒಂದು ರಿಕಂಡಿಷನ್ನೇ. ಅದಕ್ಕೂ ಗುಜರಿಯ ಟರ್ಬೊಗೂ ಹೆಚ್ಚು ಅಂತರವಿಲ್ಲ. ಶಾಫ್ಟ್ ಮತ್ತು ಎರಡೂ ಕಡೆಯ ಚಕ್ರಗಳಿರುವ ಕಾರ್ಟ್ರಿಜ್ ಪೂರ್ತಿ ಹೊಸದಾಗಿರಬೇಕು, ಅದನ್ನು ಹೆಚ್ಚಿನ ವೇಗದಲ್ಲಿ ತಿರುಗಿಸುವ ಯಂತ್ರದಲ್ಲಿ ಬ್ಯಾಲೆನ್ಸ್ ಮಾಡಿದ ಚೀಟಿ ಜೊತೆಗಿರಬೇಕು. ಅದಕ್ಕಿಂತ ಮುಖ್ಯವಾದದ್ದು, ವೇನ್‌ಗಳು ಪೂರ್ತಿ ಮುಚ್ಚಿದಾಗ ಎಷ್ಟು ಗಾಳಿ ಹಾದುಹೋಗಬೇಕೆಂಬುದನ್ನು ಗಾಳಿಯ ಹರಿವು ಅಳೆಯುವ ಫ್ಲೋ ಬೆಂಚಿನ ಮೇಲೆ ಹೊಂದಿಸುವುದು. ಇದು ತಪ್ಪಿದರೆ ಟರ್ಬೊ ಹೊಸದರಂತೆ ಹೊಳೆದರೂ, ಒತ್ತಡ ಒಮ್ಮೆ ಹೆಚ್ಚಾಗಿ ಒಮ್ಮೆ ಕಡಿಮೆಯಾಗಿ ಕಾರು ಎಳೆದಾಡುತ್ತದೆ. ಎರಡನ್ನೂ ಮಾಡಿದ ಕಡೆ ಕೊಟ್ಟದ್ದರಿಂದ ನಮ್ಮ ಟರ್ಬೊ ಓಡಿಸುವಾಗ ಹೊಸದರಿಂದ ಬೇರೆಯೆಂದು ತಿಳಿಯುವುದಿಲ್ಲ. ಹೌಸಿಂಗ್ ಬಿರುಕು ಬಿಟ್ಟಿದ್ದರೆ, ಅಥವಾ ಒಡೆದ ಚಕ್ರ ಒಳಗೋಡೆಯನ್ನು ಕೆರೆದಿದ್ದರೆ, ಹೊಸದನ್ನೇ ಹಾಕಿಸುವುದು ಲೇಸು.

ಈ ಮೂರರಲ್ಲಿ ಯಾವುದನ್ನೂ ಒಪ್ಪುವ ಮೊದಲು ಎಂಜಿನ್ ಉಳಿದಿದೆಯೇ ಎಂದು ತಿಳಿಯಬೇಕು. ಗಾಳಿಯನ್ನು ಒತ್ತುವ ಅಲ್ಯೂಮಿನಿಯಂನ ಕಂಪ್ರೆಸರ್ ಚಕ್ರ ಚೂರಾದರೆ ಚೂರುಗಳು ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನಲ್ಲಿ ಸಿಕ್ಕಿಕೊಳ್ಳುತ್ತವೆ, ಕೆಲವು ಸಿಲಿಂಡರಿನವರೆಗೂ ಹೋಗಿ ಪಿಸ್ಟನ್ನಿಗೂ ವಾಲ್ವಿಗೂ ಪೆಟ್ಟು ಮಾಡುತ್ತವೆ. ಟರ್ಬೊಗೆ ಆಯಿಲ್ ಸಾಲದೆ ಹೋದದ್ದು ಆಯಿಲ್ ಚೇಂಬರಿನ ಜಾಲರಿ ಕಟ್ಟಿಕೊಂಡದ್ದರಿಂದ ಎಂದಾದರೆ, ಕನೆಕ್ಟಿಂಗ್ ರಾಡಿನ ಬೇರಿಂಗುಗಳೂ ಅದೇ ಹೊತ್ತಿನಲ್ಲಿ ಒಣಗಿರುತ್ತವೆ. ಇನ್ನು ಸೀಲ್ ಒಡೆದು ಆಯಿಲ್ ಗಾಳಿಯೊಂದಿಗೆ ಎಂಜಿನ್ನಿಗೆ ನುಗ್ಗಿದರೆ ಡೀಸೆಲ್ ಎಂಜಿನ್ ತನ್ನ ಆಯಿಲನ್ನೇ ಉರಿಸಿಕೊಂಡು ಹುಚ್ಚು ವೇಗಕ್ಕೆ ಏರುತ್ತದೆ, ಕೀ ತಿರುಗಿಸಿದರೂ ನಿಲ್ಲುವುದಿಲ್ಲ. ಗೇರ್ ಕೈಯಲ್ಲಿ ಹಾಕುವ ಕಾರಾದರೆ ಬ್ರೇಕ್ ಬಲವಾಗಿ ಒತ್ತಿ, ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಎಂಜಿನ್ನನ್ನು ಉಸಿರುಕಟ್ಟಿಸುವುದೊಂದೇ ಕೂಡಲೇ ಇರುವ ಉಪಾಯ. ಗಾಳಿಯ ಬಾಯಿಗೆ ಕೈ ಒಡ್ಡಲೇಬಾರದು. ಆದ್ದರಿಂದ ಟರ್ಬೊ ಬಿಚ್ಚಿದ ಹೊತ್ತಿನಲ್ಲೇ ಕಂಪ್ರೆಷನ್ ಪರೀಕ್ಷೆ ಮಾಡಿಸಿ, ಸಿಲಿಂಡರುಗಳ ಒತ್ತಡದ ನಡುವೆ ದೊಡ್ಡ ವ್ಯತ್ಯಾಸವಿದೆಯೇ ನೋಡಿ, ಆಯಿಲ್ ಫಿಲ್ಟರನ್ನು ಕೊಯ್ದು ಲೋಹದ ಪುಡಿಯಿದೆಯೇ ಹುಡುಕಿ, ಚೇಂಬರ್ ಇಳಿಸಿ ಜಾಲರಿ ಪರಿಶೀಲಿಸಿ ಎಂದು ಎಲ್ಲರಿಗೂ ಹೇಳುತ್ತೇನೆ.

ಎಂಜಿನ್ನಿಗೂ ಪೆಟ್ಟಾಗಿದ್ದರೆ ಸಿಲಿಂಡರುಗಳನ್ನು ಬೋರ್ ಮಾಡಿಸಿ (ಒಳಗೋಡೆ ಕೊರೆಸಿ), ಕ್ರ್ಯಾಂಕ್ ಶಾಫ್ಟನ್ನು ಉಜ್ಜಿಸಿ ಪೂರ್ತಿ ಓವರ್‌ಹಾಲ್ ಮಾಡಿಸುವುದೋ, ಗುಜರಿಯ ಎಂಜಿನ್ ತಂದು ಕೂರಿಸುವುದೋ ಎಂಬ ಇನ್ನೊಂದು ಪ್ರಶ್ನೆ ಏಳುತ್ತದೆ. ತಮ್ಮನ ಕಾರಿಗೆ ಎರಡನೆಯದನ್ನು ಮಾಡಿಸಿದೆವು, ಎಂಜಿನ್ ಓಡಿತು. ಆದರೆ ಅದರ ಇಂಜೆಕ್ಟರುಗಳನ್ನೂ ಕ್ಲಚ್ಚನ್ನೂ ಬದಲಿಸುವಷ್ಟರಲ್ಲಿ ಉಳಿತಾಯವೆಂದು ಎಣಿಸಿದ್ದು ಕರಗಿಹೋಯಿತು. ಒಳ್ಳೆಯ ಮೆಷಿನ್ ಶಾಪ್ ಹತ್ತಿರವಿದ್ದರೆ ಓವರ್‌ಹಾಲೇ ಮೇಲು.

ಯಾವುದನ್ನು ಹಾಕಿಸಿದರೂ ಕೂರಿಸುವ ಕ್ರಮ ಒಂದೇ. ಆಯಿಲ್ ಹೋಗುವ ಪೈಪ್ ಮತ್ತು ಜಾಲರಿ ಹೊಸದಾಗಿರಲಿ, ಮರಳುವ ಪೈಪಿನಲ್ಲಿ ಆಯಿಲ್ ತನ್ನ ಭಾರದಿಂದಲೇ ಇಳಿಯುವುದರಿಂದ ಅದು ಸುರುಟದೆ ತೆರೆದಿರಲಿ, ಅಲ್ಲಿ ಗಮ್ ಹಚ್ಚಿದರೆ ಅದರ ಚೂರೇ ದಾರಿ ಕಟ್ಟುತ್ತದೆ. ಎಂಜಿನ್ನಿನ ಒಳಗಿನ ಅನಿಲವನ್ನು ಹೊರಬಿಡುವ ಬ್ರೀದರ್ ಕಟ್ಟಿಕೊಂಡಿದ್ದರೂ ಒಳಗಿನ ಒತ್ತಡಕ್ಕೆ ಆಯಿಲ್ ಇಳಿಯದೆ ಟರ್ಬೊದ ಸೀಲಿನಿಂದ ಹೊರಬರುತ್ತದೆ. ಒಳ್ಳೆಯ ಟರ್ಬೊ ಮೇಲೆ ಎಷ್ಟೋ ಸಲ ತಪ್ಪು ಹೊರಿಸುವುದು ಇದರಿಂದಲೇ. ಇಂಟರ್‌ಕೂಲರಿನಲ್ಲಿ ನಿಂತ ಹಳೆಯ ಆಯಿಲನ್ನೂ ಚೂರುಗಳನ್ನೂ ತೊಳೆದು ತೆಗೆಯದಿದ್ದರೆ ಅವು ಮತ್ತೆ ಎಂಜಿನ್ನಿಗೇ ಹೋಗುತ್ತವೆ. ಕೊನೆಗೆ ಟರ್ಬೊದ ಆಯಿಲ್ ರಂಧ್ರಕ್ಕೆ ಹೊಸ ಆಯಿಲ್ ಸುರಿದು, ಎಂಜಿನ್ ಹೊತ್ತಿಕೊಳ್ಳದಂತೆ ಡೀಸೆಲ್ ತಡೆದು, ಆಯಿಲ್ ಒತ್ತಡದ ದೀಪ ಆರುವವರೆಗೆ ಸ್ಟಾರ್ಟರಿನಿಂದ ಬಿಟ್ಟು ಬಿಟ್ಟು ತಿರುಗಿಸಬೇಕು. ಆಮೇಲೆ ಸ್ಟಾರ್ಟ್ ಮಾಡಿ, ರೇಸ್ ಕೊಡದೆ ಕೆಲವು ನಿಮಿಷ ಐಡಲಿನಲ್ಲೇ ಬಿಟ್ಟು, ಪೈಪಿನ ಜೋಡಣೆಗಳಲ್ಲಿ ಆಯಿಲ್ ಒಸರುತ್ತಿದೆಯೇ ಎಂದು ದೀಪ ಹಿಡಿದು ನೋಡಿಯೇ ಕಾರನ್ನು ರಸ್ತೆಗೆ ತನ್ನಿ.