ಲೋಕಲ್‌ಹೋಸ್ಟ್‌ನಲ್ಲಿ ವೆಬ್ ಆ್ಯಪ್ ಪರೀಕ್ಷೆ: ಕರ್ಲ್ ಎಷ್ಟರ ಮಟ್ಟಿಗೆ ಕೆಲಸಕ್ಕೆ ಬರುತ್ತದೆ?

ವೆಬ್ ಆ್ಯಪ್ ಬರೆಯುವವರಿಗೆ ಬ್ರೌಸರ್ ಬಿಟ್ಟರೆ ಮೊದಲು ಕೈಗೆ ಒಗ್ಗಬೇಕಾದ ಟೂಲ್ ಕರ್ಲ್. ಟರ್ಮಿನಲ್‌ನಲ್ಲಿ ಕಮಾಂಡ್ ಹೊಡೆದು ಸರ್ವರ್‌ಗೆ ರಿಕ್ವೆಸ್ಟ್ ಕಳಿಸಿ ಉತ್ತರ ನೋಡುವುದು ಇದರ ಕೆಲಸ. ಸರ್ವರ್ ನಿಮ್ಮದೇ ಕಂಪ್ಯೂಟರ್‌ನಲ್ಲಿ ಓಡುತ್ತಿದ್ದರೆ ಅದರ ವಿಳಾಸವೇ ಲೋಕಲ್‌ಹೋಸ್ಟ್. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಈ ಹೆಸರಿನಲ್ಲಿ ಇದನ್ನು ಬಿಡುಗಡೆ ಮಾಡಿದ್ದು 1998ರಲ್ಲಿ. ಇವತ್ತಿಗೂ ಉಚಿತ, ಓಪನ್ ಸೋರ್ಸ್. ಅಕೌಂಟ್ ಮಾಡಿ ಎನ್ನುವುದಿಲ್ಲ, ನೀವು ಕಳಿಸಿದ ಪಾಸ್‌ವರ್ಡ್, ಟೋಕನ್‌ಗಳನ್ನು ಯಾವ ಕ್ಲೌಡ್‌ಗೂ ಸಿಂಕ್ ಮಾಡುವುದಿಲ್ಲ. ಮ್ಯಾಕ್‌ನಲ್ಲಿ ಮೊದಲೇ ಇರುತ್ತದೆ, ವಿಂಡೋಸ್ 10ರಲ್ಲಿ 1803ನೇ ಆವೃತ್ತಿಯಿಂದ ಜೊತೆಗೇ ಬರುತ್ತದೆ. ಬಟನ್ ಒತ್ತಿ ರಿಕ್ವೆಸ್ಟ್ ಕಳಿಸುವ ಟೂಲ್‌ಗಳು ಬೇಕಾದಷ್ಟಿವೆ. ಆದರೆ ಸರ್ವರ್‌ಗೆ ನಿಜವಾಗಿ ಏನು ಹೋಯಿತು ಎಂದು ಖಚಿತವಾಗಿ ತಿಳಿಯಬೇಕಾದಾಗ ನಮ್ಮ ಮತ ಇದಕ್ಕೇ. (ಆಪ್ಶನ್‌ಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು.)

ಇದರ ಉಪಯೋಗ ಚೆನ್ನಾಗಿ ಗೊತ್ತಾಗುವುದು ವೆಬ್‌ಹುಕ್ (ಏನಾದರೂ ನಡೆದಾಗ ಬೇರೊಂದು ಸರ್ವರ್ ತಾನಾಗಿ ನಿಮ್ಮ ಆ್ಯಪ್‌ಗೆ ಕಳಿಸುವ ರಿಕ್ವೆಸ್ಟ್) ಪರೀಕ್ಷಿಸುವಾಗ. ಆನ್‌ಲೈನ್ ಪಾವತಿ ನಡೆಸುವ ಬೆಂಗಳೂರಿನ ರೇಜರ್‌ಪೇಯನ್ನೇ ತೆಗೆದುಕೊಳ್ಳಿ. ಗ್ರಾಹಕರು ದುಡ್ಡು ಕಟ್ಟಿದ ಮೇಲೆ ಅವರ ಸರ್ವರ್ ನಿಮ್ಮ ಆ್ಯಪ್‌ಗೆ ಒಂದು ಪೋಸ್ಟ್ (ಡೇಟಾ ಹೊತ್ತ) ರಿಕ್ವೆಸ್ಟ್ ಕಳಿಸುತ್ತದೆ. ಬಾಡಿಯಲ್ಲಿ ಜೇಸನ್ ರೂಪದ ಡೇಟಾ, ಎಕ್ಸ್-ರೇಜರ್‌ಪೇ-ಸಿಗ್ನೇಚರ್ ಎಂಬ ಹೆಡರ್‌ನಲ್ಲಿ ಸಹಿ. ವೆಬ್‌ಹುಕ್ ಸೀಕ್ರೆಟ್ (ನಿಮಗೂ ಅವರಿಗೂ ಮಾತ್ರ ಗೊತ್ತಿರುವ ಗುಟ್ಟಿನ ಪದ) ಹಾಕಿ ಇಡೀ ಬಾಡಿಗೆ ತೆಗೆದ ಎಚ್‌ಮ್ಯಾಕ್ ಶಾ-256 ಹ್ಯಾಶ್ ಅದು, ಅಂದರೆ ಒಂದು ಬೈಟ್ ಬದಲಾದರೂ ಬದಲಾಗುವ ಗುರುತು. ಹೊರಗಿನ ರಿಕ್ವೆಸ್ಟ್ ಲೋಕಲ್‌ಹೋಸ್ಟ್‌ವರೆಗೆ ಬರಬೇಕಾದರೆ ಟನಲ್ (ಇಂಟರ್ನೆಟ್‌ನಿಂದ ನಿಮ್ಮ ಕಂಪ್ಯೂಟರ್‌ಗೆ ದಾರಿ ಮಾಡುವ ಟೂಲ್) ಬೇಕು, ನಿಜ. ಆದರೆ ಸಹಿ ಪರಿಶೀಲಿಸುವ ಕೋಡ್ ಸರಿಯಿದೆಯೇ ಎಂದು ನೋಡಲು ಟನಲ್ ಬೇಕಾಗಿಯೇ ಇಲ್ಲ. ಮಾದರಿ ಜೇಸನ್ ಅನ್ನು ಒಂದು ಫೈಲ್‌ನಲ್ಲಿ ಉಳಿಸಿ. ಮೊತ್ತ ಪೈಸೆಯಲ್ಲಿರಬೇಕು, ಅಂದರೆ 500 ರೂಪಾಯಿಗೆ 50000. ಓಪನ್‌ಎಸ್‌ಎಸ್‌ಎಲ್ ಎಂಬ ಎನ್‌ಕ್ರಿಪ್ಶನ್ ಟೂಲ್‌ನ ಡಿಜಿಎಸ್‌ಟಿ ಕಮಾಂಡ್‌ಗೆ ಅದೇ ಫೈಲನ್ನೂ ಸೀಕ್ರೆಟ್ಟನ್ನೂ ಕೊಟ್ಟು ಹ್ಯಾಶ್ ತೆಗೆಯಿರಿ. ಅದು ಮುದ್ರಿಸುವ ಸಾಲಿನಲ್ಲಿ ಸಮ ಚಿಹ್ನೆಯ ನಂತರದ 64 ಅಕ್ಷರ ಮಾತ್ರ ನಿಮಗೆ ಬೇಕಾದದ್ದು. ಆಮೇಲೆ ಸಹಿಯ ಹೆಡರ್, ಕಂಟೆಂಟ್-ಟೈಪ್ ಹೆಡರ್ ಸೇರಿಸಿ, ಫೈಲನ್ನು --ಡೇಟಾ-ಬೈನರಿ ಮೂಲಕ ಕಳಿಸಿ.

ಮುಗ್ಗರಿಸುವವರು ಮುಗ್ಗರಿಸುವುದು ಇಲ್ಲೇ. --ಡೇಟಾ-ಬೈನರಿ ಬದಲು ಬರೀ --ಡೇಟಾ ಬರೆದರೆ ಕರ್ಲ್ ಫೈಲ್‌ನೊಳಗಿನ ಹೊಸ ಸಾಲಿನ ಗುರುತುಗಳನ್ನೆಲ್ಲ ತೆಗೆದುಹಾಕಿ ಕಳಿಸುತ್ತದೆ. ಹೆಚ್ಚಿನ ಎಡಿಟರ್‌ಗಳು ಫೈಲ್ ಉಳಿಸುವಾಗ ಕೊನೆಗೊಂದು ಹೊಸ ಸಾಲು ಸೇರಿಸುತ್ತವೆ. ಹ್ಯಾಶ್ ಲೆಕ್ಕದಲ್ಲಿ ಆ ಬೈಟ್ ಇದೆ, ಹೋದ ಬಾಡಿಯಲ್ಲಿ ಇಲ್ಲ, ಸಹಿ ಹೊಂದುವುದಿಲ್ಲ. --ಡೇಟಾ-ಬೈನರಿ ಹಾಕಿದ ಮೇಲೂ ಹೊಂದದಿದ್ದರೆ ತಪ್ಪು ಸಾಮಾನ್ಯವಾಗಿ ಆ್ಯಪ್‌ನದು: ಬಾಡಿಯನ್ನು ಮೊದಲು ಪಾರ್ಸ್ ಮಾಡಿ, ಮತ್ತೆ ಸ್ಟ್ರಿಂಗ್ ಮಾಡಿ ಹ್ಯಾಶ್ ತೆಗೆಯುತ್ತಿರುತ್ತದೆ. ಎಕ್ಸ್‌ಪ್ರೆಸ್ ಫ್ರೇಮ್‌ವರ್ಕ್‌ನಲ್ಲಾದರೆ ಆ ಒಂದು ರೂಟ್‌ಗೆ ಜೇಸನ್ ಪಾರ್ಸರ್ ಬಿಟ್ಟು ರಾ ಬಾಡಿ (ಬಂದ ಬೈಟ್‌ಗಳು ಹಾಗೆಯೇ) ತೆಗೆದುಕೊಳ್ಳಿ. ಕೊನೆಗೆ ಅದೇ ರಿಕ್ವೆಸ್ಟನ್ನು ಇನ್ನೊಮ್ಮೆ ಕಳಿಸಿ ನೋಡಲೇಬೇಕು. ಆರ್ಡರ್ ಎರಡು ಸಲ ದಾಖಲಾದರೆ ಅದು ಗ್ರಾಹಕರ ದುಡ್ಡಿನ ಪ್ರಶ್ನೆ.

ಲಾಗಿನ್ ಬೇಕಿರುವ ಪುಟಗಳಿಗೂ ಕರ್ಲ್ ಸಾಕು, ಆದರೆ ತಾಳ್ಮೆ ಬೇಕು. ಪೈಥಾನ್ ಫ್ರೇಮ್‌ವರ್ಕ್ ಜಾಂಗೋದ ಉದಾಹರಣೆ ನೋಡಿ. ಮೊದಲು ಅಡ್ಮಿನ್ ಲಾಗಿನ್ ಪುಟಕ್ಕೆ ಗೆಟ್ ಕಳಿಸಿ, --ಕುಕಿ-ಜಾರ್ ಕೊಟ್ಟು ಕುಕಿಗಳನ್ನು ಫೈಲ್‌ಗೆ ಇಳಿಸಿ. ಅದರಲ್ಲಿನ ಸಿಎಸ್‌ಆರ್‌ಎಫ್ ಟೋಕನ್ (ಬೇರೆ ಸೈಟ್‌ನಿಂದ ಬರುವ ಕಳ್ಳ ರಿಕ್ವೆಸ್ಟ್ ತಡೆಯುವ ಗುರುತು) ಎತ್ತಿಕೊಂಡು, ಎಕ್ಸ್-ಸಿಎಸ್‌ಆರ್‌ಎಫ್‌ಟೋಕನ್ ಹೆಡರ್‌ನಲ್ಲಿಟ್ಟು, ಬಳಕೆದಾರ ಹೆಸರು, ಪಾಸ್‌ವರ್ಡ್ ಪೋಸ್ಟ್ ಮಾಡಿ. ಈ ಸಲ ಕುಕಿ ಕಳಿಸಲು --ಕುಕಿ, ಹೊಸದನ್ನು ಉಳಿಸಲು --ಕುಕಿ-ಜಾರ್ ಎರಡೂ ಬೇಕು. 302 (ಬೇರೆ ಪುಟಕ್ಕೆ ಹೋಗು ಎಂಬ ಉತ್ತರ) ಬಂದರೆ ಲಾಗಿನ್ ಆಯಿತು. 200 ಬಂತೆಂದು ಖುಷಿಪಡಬೇಡಿ, ತಪ್ಪು ಪಾಸ್‌ವರ್ಡ್‌ಗೆ ಅದೇ ಫಾರ್ಮ್ ಮತ್ತೆ ಬರುವುದು 200 ಜೊತೆಗೇ. ಲಾಗಿನ್ ಆದ ತಕ್ಷಣ ಜಾಂಗೋ ಆ ಟೋಕನ್ ಬದಲಿಸುತ್ತದೆ, ಹಾಗಾಗಿ ಮುಂದಿನ ಪೋಸ್ಟ್‌ಗೆ ಹಳೆಯದನ್ನೇ ಹಾಕಿದರೆ 403, ಅಂದರೆ ನಿರಾಕರಣೆ. ಇನ್ನೊಂದು ಸೂಕ್ಷ್ಮ: ಕುಕಿ ಫೈಲ್‌ನಲ್ಲಿ ಎಚ್‌ಟಿಟಿಪಿ-ಓನ್ಲಿ (ಜಾವಾಸ್ಕ್ರಿಪ್ಟ್‌ಗೆ ಓದಲು ಸಿಗದ) ಕುಕಿಯ ಸಾಲು # ಚಿಹ್ನೆಯಿಂದಲೇ ಶುರುವಾಗುತ್ತದೆ. ಕಾಮೆಂಟ್ ಎಂದುಕೊಂಡು ಅಳಿಸಿದರೆ ಸೆಷನ್ನೇ ಹೋಯಿತು.

ವಿಳಾಸದ ಕೊನೆಯ ಓರೆಗೆರೆಯ ಮೇಲೂ ಕಣ್ಣಿರಲಿ. ಜಾಂಗೋದಲ್ಲಿ ಅದನ್ನು ಬಿಟ್ಟು ಪೋಸ್ಟ್ ಮಾಡಿದರೆ ಡೀಬಗ್ ಆನ್ ಇರುವಾಗ 500 (ಸರ್ವರ್ ಎರರ್) ಬರುತ್ತದೆ, ಆಫ್ ಇದ್ದಾಗ 301 (ಶಾಶ್ವತ ರೀಡೈರೆಕ್ಟ್). ರೀಡೈರೆಕ್ಟ್ ಹಿಂಬಾಲಿಸುವ --ಲೊಕೇಶನ್ ಹಾಕಿದ್ದರೆ ಕರ್ಲ್ ಆ 301ರ ಹಿಂದೆ ಗೆಟ್ ಆಗಿ ಹೋಗುತ್ತದೆ, ನಿಮ್ಮ ಡೇಟಾ ದಾರಿಯಲ್ಲೇ ಉದುರುತ್ತದೆ. ಅದಕ್ಕೆ ಮದ್ದೆಂದು --ರಿಕ್ವೆಸ್ಟ್ ಪೋಸ್ಟ್ ಎಂದು ಒತ್ತಾಯ ಮಾಡಬೇಡಿ, ಆಗ ರೀಡೈರೆಕ್ಟ್ ಆದ ಪ್ರತಿ ಪುಟಕ್ಕೂ ಪೋಸ್ಟೇ ಹೋಗುತ್ತದೆ. ವಿಳಾಸ ಸರಿಪಡಿಸುವುದೇ ದಾರಿ.

ಕನ್ನಡ ಪಠ್ಯ ತೆಗೆದುಕೊಳ್ಳುವ ಫಾರ್ಮ್‌ಗಳನ್ನು ಕನ್ನಡದಲ್ಲೇ ಪರೀಕ್ಷಿಸಿ. ‘ಕನ್ನಡ’ ಎಂಬ ಪದ ಕಣ್ಣಿಗೆ ಮೂರೇ ಅಕ್ಷರ, ಯೂನಿಕೋಡ್‌ನಲ್ಲಿ 5 ಸಂಕೇತ, ಯುಟಿಎಫ್-8ರಲ್ಲಿ 15 ಬೈಟ್, ಪರ್ಸೆಂಟ್ ಎನ್‌ಕೋಡ್ ಆದ ಮೇಲೆ 45 ಅಕ್ಷರ. ಉದ್ದದ ಮಿತಿಯನ್ನು ಬೈಟ್‌ನಲ್ಲಿ ಎಣಿಸುವ ಕೋಡ್ ಇಂಗ್ಲಿಷ್ ಹೆಸರಿಗೆ ಪಾಸಾಗಿ ಕನ್ನಡ ಹೆಸರನ್ನು ನಡುವೆಯೇ ಕತ್ತರಿಸುತ್ತದೆ. ಇಂಥದ್ದಕ್ಕೆ --ಡೇಟಾ-ಯುಆರ್‌ಎಲ್‌ಎನ್‌ಕೋಡ್ ಇದೆ. ಸಮ ಚಿಹ್ನೆಯ ಬಲಗಡೆಯದ್ದನ್ನು ಮಾತ್ರ ಅದು ಎನ್‌ಕೋಡ್ ಮಾಡುತ್ತದೆ, ಎಡಗಡೆಯ ಫೀಲ್ಡ್ ಹೆಸರನ್ನು ಮುಟ್ಟುವುದಿಲ್ಲ. ವಿಂಡೋಸ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಕನ್ನಡ ನೇರವಾಗಿ ಟೈಪ್ ಮಾಡುವ ಬದಲು ಯುಟಿಎಫ್-8 ಫೈಲ್‌ನಿಂದ ಓದಿಸಿ, ಆದರೆ ಫೈಲ್‌ನ ಕೊನೆಯ ಹೊಸ ಸಾಲೂ ಎನ್‌ಕೋಡ್ ಆಗಿ ಹೋಗುತ್ತದೆ ಎಂಬುದು ನೆನಪಿರಲಿ. ಹಳೆಯ ಪವರ್‌ಶೆಲ್ 5.1ರಲ್ಲಿ ಕರ್ಲ್ ಎಂದು ಹೊಡೆದರೆ ಓಡುವುದು ಬೇರೆಯದೇ ಕಮಾಂಡ್. ಅಲ್ಲಿ ಕರ್ಲ್ ಹೆಸರಿನ ಕೊನೆಗೆ ಡಾಟ್ ಇಎಕ್ಸ್‌ಇ ಸೇರಿಸಿ.

‘ಸರ್ವರ್ ಓಡುತ್ತಿದೆ, ಆದರೂ ಸಿಗುತ್ತಿಲ್ಲ’ ಎಂಬ ದೂರಿಗೆ, ನಡೆದದ್ದನ್ನು ವಿವರವಾಗಿ ತೋರಿಸುವ --ವರ್ಬೋಸ್ ಬಹುಪಾಲು ಉತ್ತರ ಕೊಡುತ್ತದೆ. ಲೋಕಲ್‌ಹೋಸ್ಟ್ ಅಂದರೆ 127.0.0.1 ಕೂಡ ಹೌದು, ಐಪಿವಿ6ರ ::1 ಕೂಡ ಹೌದು. ಕರ್ಲ್ ಎರಡನ್ನೂ ಪ್ರಯತ್ನಿಸುತ್ತದೆ, ಎಲ್ಲ ಪ್ರೋಗ್ರಾಂಗಳೂ ಹಾಗೆ ಮಾಡುವುದಿಲ್ಲ. ಯಾವುದರಲ್ಲಿ ಕನೆಕ್ಟ್ ಆಯಿತು ಎಂಬ ಸಾಲನ್ನು ಓದಿ. ಕರ್ಲ್ ಮುಗಿದಾಗ ಕೊಡುವ ಎಕ್ಸಿಟ್ ಕೋಡ್ 7 ಅಂದರೆ ಆ ಪೋರ್ಟ್‌ಗೆ ಕನೆಕ್ಟ್ ಆಗಲಿಲ್ಲ, 52 ಅಂದರೆ ಕನೆಕ್ಷನ್ ಆಯಿತು ಆದರೆ ಉತ್ತರ ಬರಲಿಲ್ಲ. ಆಫೀಸ್ ನೆಟ್‌ವರ್ಕ್‌ನಲ್ಲಿ ಪ್ರಾಕ್ಸಿ (ರಿಕ್ವೆಸ್ಟ್‌ಗಳನ್ನು ನಡುವೆ ನಿಂತು ದಾಟಿಸುವ ಸರ್ವರ್) ಸೆಟ್ ಆಗಿದ್ದರೆ ಲೋಕಲ್ ರಿಕ್ವೆಸ್ಟ್ ಕೂಡ ಅಲ್ಲಿಗೇ ಹೋಗಿ 502ರಂಥ ಎರರ್ ತರಬಹುದು. --ನೋಪ್ರಾಕ್ಸಿ ಲೋಕಲ್‌ಹೋಸ್ಟ್ ಎಂದು ಕೊಡಿ. ಡಾಕರ್ ಕಂಟೇನರ್ (ಆ್ಯಪ್ ಓಡುವ ಪ್ರತ್ಯೇಕ ಆವರಣ) ಒಳಗಿನಿಂದ ಓಡಿಸಿದರೆ ಲೋಕಲ್‌ಹೋಸ್ಟ್ ಎಂದರೆ ಆ ಕಂಟೇನರ್ರೇ, ನಿಮ್ಮ ಲ್ಯಾಪ್‌ಟಾಪ್ ಅಲ್ಲ.

ನಿಜವಾದ ಡೊಮೈನ್ ಹೆಸರಿನಲ್ಲೇ ಲೋಕಲ್ ಸರ್ವರ್ ಪರೀಕ್ಷಿಸಲು --ರಿಸಾಲ್ವ್ ಬಹಳ ಚೆನ್ನಾಗಿದೆ. ಡೊಮೈನ್, 443, 127.0.0.1 ಮೂರನ್ನೂ ಕೋಲನ್ ಹಾಕಿ ಜೋಡಿಸಿ ಕೊಟ್ಟರೆ ಹೋಸ್ಟ್ಸ್ ಫೈಲ್ ಮುಟ್ಟಬೇಕಿಲ್ಲ. ಬರೀ ಹೋಸ್ಟ್ ಹೆಡರ್ ಬದಲಿಸಿದರೆ ಟಿಎಲ್‌ಎಸ್ (ಎಚ್‌ಟಿಟಿಪಿಎಸ್‌ನ ಎನ್‌ಕ್ರಿಪ್ಶನ್) ಹಂತದಲ್ಲಿ ಹಳೆಯ ಹೆಸರೇ ಹೋಗುತ್ತದೆ, ಸರ್ವರ್ ಬೇರೆ ಸರ್ಟಿಫಿಕೇಟ್ ಕೊಡಬಹುದು. --ರಿಸಾಲ್ವ್‌ನಲ್ಲಿ ಆ ತೊಂದರೆಯಿಲ್ಲ.

ಕೊರತೆಗಳು ಇವೆ. ಜಾವಾಸ್ಕ್ರಿಪ್ಟ್ ಓಡುವುದಿಲ್ಲ. ಒಂದು ಸೈಟ್‌ನ ಪುಟ ಇನ್ನೊಂದು ಸೈಟ್‌ನ ಡೇಟಾ ಓದಬಹುದೇ ಎಂಬ ಕಾರ್ಸ್ ನಿಯಮ ಜಾರಿ ಮಾಡುವುದು ಬ್ರೌಸರ್, ಕರ್ಲ್ ಅಲ್ಲ. ಇಲ್ಲಿ ಪಾಸಾದದ್ದು ಅಲ್ಲಿ ಬ್ಲಾಕ್ ಆಗಬಹುದು. ಆದರೂ ಆಪ್ಶನ್ಸ್ ಮೆಥಡ್‌ಗೆ ಆರಿಜಿನ್, ಆ್ಯಕ್ಸೆಸ್-ಕಂಟ್ರೋಲ್-ರಿಕ್ವೆಸ್ಟ್-ಮೆಥಡ್ ಹೆಡರ್‌ಗಳನ್ನು ಸೇರಿಸಿ ಪ್ರೀಫ್ಲೈಟ್ (ಬ್ರೌಸರ್ ಮೊದಲು ಅನುಮತಿ ಕೇಳುವ ರಿಕ್ವೆಸ್ಟ್) ಅನುಕರಿಸಬಹುದು. ಅದಕ್ಕೆ 401 (ಲಾಗಿನ್ ಬೇಕು ಎಂಬ ಉತ್ತರ) ಬಂದರೆ ಲಾಗಿನ್ ಮಿಡಲ್‌ವೇರ್ ಕಾರ್ಸ್‌ಗಿಂತ ಮುಂಚೆ ಕೂತಿದೆ ಎಂದು ಅನುಮಾನಿಸಿ. ಆವೃತ್ತಿಗಳ ಕಿರಿಕಿರಿಯೂ ಉಂಟು: ಜೇಸನ್ ಕಳಿಸುವುದನ್ನು ಸುಲಭ ಮಾಡುವ --ಜೇಸನ್ ಆಪ್ಶನ್ 2022ರ 7.82ರಲ್ಲಿ ಬಂದದ್ದು, ಉಬುಂಟು 22.04 ಜೊತೆ ಬರುವುದು 7.81. ಲೋಡ್ ಟೆಸ್ಟ್‌ಗೆ ಬೇರೆ ಟೂಲ್ ಹುಡುಕಿ.

ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್‌ನಿಂದ ರಿಕ್ವೆಸ್ಟನ್ನು ಕರ್ಲ್ ಕಮಾಂಡ್ ಆಗಿ ಕಾಪಿ ಮಾಡಬಹುದು, ಬಗ್ ಮರುಕಳಿಸಲು ಇದಕ್ಕಿಂತ ಸಲೀಸು ದಾರಿಯಿಲ್ಲ. ಅದರಲ್ಲಿ ನಿಮ್ಮ ಸೆಷನ್ ಕುಕಿಯೂ ಸೇರಿರುತ್ತದೆ. ತಂಡದ ಚಾಟ್‌ಗೆ ಹಾಕುವ ಮುಂಚೆ ಅಳಿಸಿ. ಇನ್ನು, ಕಮಾಂಡನ್ನು ಟೆಸ್ಟ್ ಸ್ಕ್ರಿಪ್ಟ್‌ನಲ್ಲಿ ಇಡುವುದಾದರೆ --ಫೇಲ್-ವಿತ್-ಬಾಡಿ ಕಡ್ಡಾಯ. ಅದಿಲ್ಲದಿದ್ದರೆ ಸರ್ವರ್ 500 ಕೊಟ್ಟರೂ ಕರ್ಲ್‌ನ ಎಕ್ಸಿಟ್ ಕೋಡ್ 0, ಟೆಸ್ಟ್ ಹಸಿರಾಗಿಯೇ ಕಾಣುತ್ತದೆ. ಅದನ್ನು ಹಾಕಿದರೆ 22 ಬರುತ್ತದೆ, ಸರ್ವರ್ ಕಳಿಸಿದ ಎರರ್ ಸಂದೇಶವೂ ಲಾಗ್‌ನಲ್ಲಿ ಉಳಿಯುತ್ತದೆ.